ಕಟ್ಟಿಗೆ ಮನೆಗೆ ಬರ್ರಿ

ಪಂಪಾಪತಿಯ ನಾಲಿಗೆಯಿಂದ ಒಂದು ಮಾತು ಅವನನ್ನು ಕೇಳದೆಯೇ ಹೊರಗೆ ಬರುತ್ತಿತ್ತು. ಅದು ‘ಬರ್ರಿ’ ಎಂಬ ಮಾತು. ಊಟಕ್ಕೆ ಕೂತಾಗ ಬಾಗಿಲ ಮುಂದೆ ಯಾರು ಹಾದುಹೋದರೂ ‘ಬರ್ರಿ, ಊಟ ಮಾಡೂಣು’ ಅನ್ನಬೇಕು. ಅವರು ‘ಆಗಲಿ, ನೀವು ಮಾಡ್ರಿ’ ಅಂದು ಮುಂದೆ ಹೋಗಬೇಕು. ಊರಿಗೆ ಹೊರಟಾಗ ‘ಬರ್ರಿ ನೀವೂ’ ಅನ್ನಬೇಕು. ಅವರು ‘ಆಗಲಿ, ಹೋಗಿ ಬರ್ರಿ’ ಅನ್ನಬೇಕು. ಸಿಂಧನೂರು ಸೀಮೆಯ ಮರ್ಯಾದೆಯೇ ಹೀಗೆ. ಇಲ್ಲಿ ‘ಆಗಲಿ’ ಅಂದರೆ ‘ಒಲ್ಲೆ’ ಎಂದೇ ಅರ್ಥ. ಕರೆದವರು ನಿಜವಾಗಿ ಕರೆದಿರುವುದಿಲ್ಲ, ಒಲ್ಲೆ ಅಂದವರಿಗೆ ಬೇಸರವೂ ಇರುವುದಿಲ್ಲ. ಪಂಪಾಪತಿಗೆ ಇದನ್ನು ಅವನಪ್ಪ ಅಕ್ಷರಕ್ಕಿಂತ ಮೊದಲು ಕಲಿಸಿದ್ದ.

ಇಂಥ ಪಂಪಾಪತಿ ಸಮುದ್ರದ ದಂಡೆಯಲ್ಲಿ ಒಂದು ಕಟ್ಟಿಗೆ ಮನೆ ಬುಕ್ ಮಾಡಿದ. ಅದಕ್ಕೆ ಕ್ಯಾಬಿನ್ ಅನ್ನುತ್ತಾರಂತೆ. ಕಾರವಾರದ ಕಡೆ, ತೆಂಗಿನ ತೋಪಿನ ನಡುವೆ. ಮುಂದಿನ ಬಾಗಿಲು ತೆಗೆದರೆ ಸಮುದ್ರ, ಹಿಂದಿನ ಬಾಗಿಲು ತೆಗೆದರೆ ಕೆರೆ. ಅಂಗಳದಲ್ಲಿ ಬೆಂಕಿ ಹಾಕಿಕೊಂಡು ನಮ್ಮ ಅಡುಗೆ ನಾವೇ ಮಾಡಿಕೊಳ್ಳಬಹುದು. ಒಳಗೆ ನಾಲ್ಕು ಹಾಸಿಗೆ: ಅವನಿಗೆ, ಹೆಂಡತಿ ಸುರೇಖಾಗೆ, ಮಗಳು ಅಮೂಲ್ಯಾಗೆ, ತಾಯಿ ಬಸ್ಸಮ್ಮನಿಗೆ. ಲಿಂಗಸುಗೂರಿನ ಕಚೇರಿಯಲ್ಲಿ ಗುಮಾಸ್ತನಾಗಿ, ದಿನವೂ ಸಿಂಧನೂರಿನಿಂದ ಮಸ್ಕಿ ಮೇಲಿಂದ ಬಸ್ಸಿನಲ್ಲಿ ಹೋಗಿ ಬರುವವನಿಗೆ ಇದು ಸಣ್ಣ ಸಾಧನೆಯಲ್ಲ. ಅವನ ಓಣಿಯಲ್ಲಿ ಸಮುದ್ರ ನೋಡಿದವರು ಇದ್ದರು. ಸಮುದ್ರದ ಪಕ್ಕದಲ್ಲಿ ಸ್ವಂತ ಮನೆಯ ಹಾಗೆ ಬಾಗಿಲು ಹಾಕಿಕೊಂಡು ಮಲಗಿದವರು ಒಬ್ಬರೂ ಇರಲಿಲ್ಲ.

ಪ್ರವಾಸದ ದಿನ ಬೆಳಿಗ್ಗೆ, ಕಚೇರಿಗೆ ಹೊರಟವನ ಕೈಗೆ ಸುರೇಖಾ ಊಟದ ಡಬ್ಬಿ ಕೊಡುತ್ತ ಎಚ್ಚರಿಕೆಯನ್ನೂ ಕೊಟ್ಟಳು.

“ರೀ, ಮದುವಿ ಆದಾಗಿಂದ ನಾ ಎಲ್ಲಿಗಿ ಹೋದ್ರೂ ಹಿಂದ ಒಂದು ಲಾರಿ ಮಂದಿ ಇರ್ತಾರ. ಇದೊಂದು ಸಲ ನಾವು ನಾಕು ಮಂದಿ ಅಷ್ಟ. ಸಂಜಿಗೆ ಬಸ್ ಹತ್ತೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ.”

“ನಾ ಯಾಕ ಹೇಳ್ಲಿ?”

“ಹೊರಗಿನವ್ರು ಒಬ್ಬರು ಬಂದ್ರೂ ನಿಮ್ಮನ್ನ ಇಲ್ಲೇ ಬಿಟ್ಟು ಹೋಗ್ತೀನಿ ನೋಡ್ರಿ ಮತ್ತ!”

ಪಂಪಾಪತಿ ಬಾಯಿ ಹೊಲಿದುಕೊಂಡವನಂತೆ ಹೊರಬಿದ್ದ. ಹೊಲಿಗೆ ಶಿವಕಾಂತನ ಅಂಗಡಿಯ ತನಕ ಬಾಳಿತು.

ಶಿವಕಾಂತನದು ಓಣಿಯ ತುದಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಆತ ಯಾವ ಕಾಲದಲ್ಲೋ ಊಟಿಗೆ ಹೋಗಿ ಬಂದಿದ್ದ. ಅಂದಿನಿಂದ ಯೂರಿಯಾ ಕೇಳಿ ಬಂದವರಿಗೂ ಒಂದಿಷ್ಟು ಊಟಿಯ ಚಳಿ ತೂಗಿ ಕೊಡುತ್ತಿದ್ದ.

“ಏನು ಬಿಸಲರಿ ಪಂಪಾಪತಿಯವ್ರ! ನಾವು ಊಟಿಗೆ ಹೋದಾಗ...”

ಪಂಪಾಪತಿಗೆ ತಡೆಯಲಾಗಲಿಲ್ಲ. ಫೋನ್ ತೆಗೆದು ಚಿತ್ರ ತೋರಿಸಿದ. ಶಿವಕಾಂತ ಕನ್ನಡಕ ಏರಿಸಿ ನೋಡಿದ, ಇಳಿಸಿ ನೋಡಿದ. ಅವನ ಬಾಯಲ್ಲಿದ್ದ ಊಟಿ ಅಲ್ಲಿಯೇ ಕರಗಿಹೋಯಿತು. ಇಷ್ಟು ವರ್ಷ ಕೇಳಿದ ಊಟಿಗೆಲ್ಲ ಇವತ್ತು ಬಡ್ಡಿ ಸಮೇತ ಉತ್ತರ ಕೊಟ್ಟೆನೆಂದು ಪಂಪಾಪತಿಯ ಎದೆ ಹಿಗ್ಗಿತು. ಆ ಹಿಗ್ಗಿನಲ್ಲಿ ಮೈಮರೆತು, “ಬರ್ರಿ ನೀವೂ!” ಅಂದುಬಿಟ್ಟ.

ಶಿವಕಾಂತ ‘ಆಗಲಿ, ಹೋಗಿ ಬರ್ರಿ’ ಅನ್ನಬೇಕಿತ್ತು. ಅನ್ನಲಿಲ್ಲ.

“ಇಷ್ಟು ಪ್ರೀತಿಲೆ ಕರದ್ರ ಒಲ್ಲೆ ಅನ್ನೂದು ಚಲೋ ಅಲ್ಲ. ಎಷ್ಟೊತ್ತಿಗಿ ಹೊಂಡೂದು?”

“ಅದು... ನಾಕ ಹಾಸಿಗಿ ಅದಾವರಿ...”

“ಊಟಿಯಾಗ ನಾವು ನೆಲದ ಮ್ಯಾಲೇ ಮಲಗೀವಿ. ನೀವೇನು ಫಿಕರ್ ಮಾಡಬ್ಯಾಡ್ರಿ.”

ಪಂಪಾಪತಿ ಬಸ್ಸಿನಲ್ಲಿ ತಲೆ ತಗ್ಗಿಸಿ ಕೂತ. ಒಬ್ಬ ತಾನೇ, ಸಂಜೆಯೊಳಗೆ ಏನಾದರೂ ನೆಪ ಹೇಳಿ ತಪ್ಪಿಸಿದರಾಯಿತು ಎಂದುಕೊಂಡ. ಆದರೆ ಸುದ್ದಿ ಬಸ್ಸಿಗಿಂತ ಮೊದಲು ಮಸ್ಕಿ ಮುಟ್ಟಿತ್ತು. ಬಸ್ಸು ನಿಂತದ್ದೇ ತಡ, ಕ್ರೂಸರ್ ಗಾಡಿಯ ದಸ್ತಗೀರ್‌ಸಾಬ್ ಕಿಟಕಿಯ ಹತ್ತಿರ ಓಡಿ ಬಂದರು.

“ಶಿವಕಾಂತ ಸಾಹುಕಾರ್ರು ಫೋನ್ ಹಚ್ಚಿದ್ರು. ಬಸ್ಸಿನ ಟಿಕೆಟ್ ರದ್ದು ಮಾಡ್ರಿ. ನನ್ನ ಗಾಡಿ ಖಾಲಿ ನಿಂತೈತಿ, ಸಂಜಿಗೆ ಮನಿ ಮುಂದ ತಂದು ನಿಂದರಸ್ತೀನಿ. ಸಮುದ್ರಕ್ಕ ಹೊಂಟೀರಂತ, ನಮ್ಮ ಚಾಂದ್‌ಬೀ ಪಾಪ ಹುಟ್ಟಿದಾಗಿಂದ ಸಮುದ್ರ ನೋಡಿಲ್ಲ.”

“ಹೌದೇನ್ರಿ? ಹಂಗಾರ ಅವ್ರನ್ನೂ ಕರ್ಕೊಂಡು ಬರ್ರಿ!”

ಹೇಳಿದ ಮೇಲೆ ಪಂಪಾಪತಿ ನಾಲಿಗೆ ಕಚ್ಚಿಕೊಂಡ. ದಸ್ತಗೀರ್‌ಸಾಬ್ ಆಗಲೇ ಹೆಂಡತಿಗೆ ಫೋನ್ ಮಾಡುತ್ತ ಹೊರಟಿದ್ದರು, ಬಸ್ಸೂ ಹೊರಟಿತು.

ಕಚೇರಿಯಲ್ಲಿ ಅವನು ಬಾಯಿಗೆ ಕರವಸ್ತ್ರ ಒತ್ತಿ ಹಿಡಿದೇ ಮೇಲಧಿಕಾರಿ ಶೈಲಜಾ ಮೇಡಂ ಮುಂದೆ ನಿಂತ. ಹಲ್ಲು ನೋವು ಎಂದು ಸನ್ನೆ ಮಾಡಿದ. ರಜೆಗೆ ಮೇಡಂ ಸಹಿ ಇನ್ನೂ ಬಿದ್ದಿರಲಿಲ್ಲ.

“ಹಲ್ಲು ಬ್ಯಾನಿ ಇದ್ದವ್ರು ಸಮುದ್ರಕ್ಕ ಯಾಕ ಹೊಂಟೀರಿ?” ಮೇಡಂ ಕೇಳಿದರು. ಅವರಿಗೂ ಗೊತ್ತಾಗಿತ್ತು. “ಎಲ್ಲಿ, ಫೋಟೊ ತೋರಸ್ರಿ.”

ತೋರಿಸಿದ. ಫೋನ್ ಮೇಜಿನಿಂದ ಮೇಜಿಗೆ ಸುತ್ತಿತು.

“ರಜಾ ಹಾಕಿ ಮಾವನ ಮನಿಗೆ ಹೋಗೂವ್ರನ್ನ ನೋಡೀನಿ, ರಜಾ ಹಾಕಿ ಮನ್ಯಾಗ ಮಲಗೂವ್ರನ್ನ ನೋಡೀನಿ. ಹೆಂಡ್ತಿ ಮಕ್ಕಳನ್ನ, ತಾಯಿನ್ನ ಹಿಂತಾ ಜಾಗಾಕ್ಕ ಕರ್ಕೊಂಡು ಹೋಗೂವ್ರನ್ನ ಈ ಆಫೀಸಿನ್ಯಾಗ ನಾ ನೋಡಿದ್ದಿಲ್ಲ. ಭೇಷ್ ಪಂಪಾಪತಿಯವ್ರ!”

ಕಚೇರಿಗೆ ಕಚೇರಿಯೇ ಚಪ್ಪಾಳೆ ತಟ್ಟಿತು. ಬೈಗುಳ ತಿಂದು ಬೆಳೆದ ಗುಮಾಸ್ತನಿಗೆ ಚಪ್ಪಾಳೆಯ ಅಭ್ಯಾಸವಿರಲಿಲ್ಲ. ಕರವಸ್ತ್ರ ಕೈಯಿಂದ ಜಾರಿ ಕೆಳಗೆ ಬಿತ್ತು.

“ಬರ್ರಿ ಮೇಡಂ ನೀವೂ!”

ಮೇಡಂ ಸಹಿ ಹಾಕಿದರು. “ನಾನೂ ನಮ್ಮ ಮನಿಯವ್ರೂ ಬರ್ತೀವಿ. ಸಂಜಿಗೆ ನಿಮ್ಮ ಬಸ್ಸಿಗೇ ಸಿಂಧನೂರಿಗೆ ಬರ್ತೀವಿ, ಸೀಟ್ ಹಿಡೀರಿ.”

ಸಂಜೆ ಮೇಡಂ ದಂಪತಿಗೆ ಸೀಟು ಹಿಡಿದುಕೊಟ್ಟು, ತಾನು ಸಿಂಧನೂರಿನ ತನಕ ನಿಂತೇ ಬಂದ ಪಂಪಾಪತಿಗೆ ಓಣಿಯಲ್ಲಿ ಕಂಡದ್ದು ತನ್ನ ಮನೆಯಲ್ಲ, ಮದುವೆ ದಿಬ್ಬಣ. ಬಾಗಿಲಿಗೆ ಅಡ್ಡವಾಗಿ ಕ್ರೂಸರ್. ಶಿವಕಾಂತ, ಅವನ ಹೆಂಡತಿ, ಮಕ್ಕಳು. ಹೊಸ ಸೀರೆಯಲ್ಲಿ ಚಾಂದ್‌ಬೀ. ಎದುರು ಮನೆಯ ಅಂಬಮ್ಮ ರೊಟ್ಟಿಯ ಬುಟ್ಟಿ ಹೊತ್ತು ಬಂದಿದ್ದಳು. ಅವಳನ್ನು ಕರೆದದ್ದು ಬಸ್ಸಮ್ಮ. ನಾಲಿಗೆಯ ಗುಣ ಆ ಮನೆಯಲ್ಲಿ ವಂಶಪಾರಂಪರ್ಯ. ಅಂಬಮ್ಮನ ಗಂಡ ಜಂಬಣ್ಣ ಮಾತ್ರ, ಗಾಡಿ ಹತ್ತಿದರೆ ವಾಂತಿ ಆಗುತ್ತದೆಂದು ಮನೆಯಲ್ಲೇ ಉಳಿದಿದ್ದ.

ಸುರೇಖಾ ಅವನನ್ನು ಬಾಗಿಲ ಹಿಂದಕ್ಕೆ ಕರೆದಳು. ಅವಳ ಕಣ್ಣು ತುಂಬಿದ್ದವು.

“ಬುತ್ತಿ ಕಟಗೊಂಡು ಬಂದವ್ರಿಗೆ ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ. ಕರದವ್ರು ನೀವು. ನೀವ ಹೋಗಿ ಹೇಳ್ರಿ.”

ಹೇಳಿಯೇ ಬಿಡುತ್ತೇನೆಂದು ಪಂಪಾಪತಿ ಕ್ರೂಸರ್ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಶಿವಕಾಂತ ಕೈ ಎತ್ತಿದ.

“ಎಲ್ಲಾರೂ ಕೇಳ್ರಿ! ನಾ ಊಟಿಗೆ ಹೋದಾಗ ಬರೇ ಹೆಂಡ್ತಿನ್ನ ಕರ್ಕೊಂಡು ಹೋಗಿದ್ದೆ. ಈ ಮನಷ್ಯಾ ಓಣಿನ ಕರ್ಕೊಂಡು ಹೊಂಟಾನ! ಹೊಡೀರಿ ಚಪ್ಪಾಳಿ!”

ಒಂದೇ ದಿನ ಎರಡನೆಯ ಚಪ್ಪಾಳೆ. ಸರಿಮಾಡಿಕೊಂಡ ಗಂಟಲಿನಿಂದ ಪಂಪಾಪತಿ, “ಬುಟ್ಟಿ ಕೊಡ್ರಿ, ಮ್ಯಾಲ ನಾ ಕಟ್ತೀನಿ” ಅಂದ.

ಗಾಡಿಯ ಮೇಲೆ ಹತ್ತಿ ಅವನು ರೊಟ್ಟಿ ಬುಟ್ಟಿ, ಹಾಸಿಗೆ, ತನ್ನದೇ ಚೀಲ ಎಲ್ಲವನ್ನೂ ಬಿಗಿದು ಕಟ್ಟಿದ. ಮನೆಗೆ ಬೀಗ ಹಾಕಿ ಬಂದವರೆಲ್ಲ, ಕಳೆದುಹೋದೀತೆಂದು ಕೀಲಿಕೈಗಳನ್ನೂ ಅವನ ಕೈಗೇ ಕೊಟ್ಟರು. ಇಷ್ಟು ನಂಬಿಕೆಯ ಮನುಷ್ಯ ತಾನೆಂದು ಅದಕ್ಕೂ ಹಿಗ್ಗಿದ. ಇಳಿದು ನೋಡಿದರೆ ಒಳಗೆ ಸೂಜಿ ಊರಲು ಜಾಗವಿರಲಿಲ್ಲ. ಮುಂದಿನ ಸೀಟಿನಲ್ಲಿ ಮೇಡಂ ದಂಪತಿ. ಹಿಂದಿನ ಮೂಲೆಯಲ್ಲಿ ಅಮೂಲ್ಯಾಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಸುರೇಖಾ, ಪಕ್ಕದಲ್ಲಿ ಬಸ್ಸಮ್ಮ.

ಶಿವಕಾಂತ ಕಿಟಕಿಯಿಂದ ತಲೆ ಹೊರಗೆ ಹಾಕಿ ಕರೆದ: “ಬರ್ರಿ ಪಂಪಾಪತಿಯವ್ರ, ಬರ್ರಿ ನೀವೂ!”

ಪಂಪಾಪತಿಯ ನಾಲಿಗೆಗೆ ಇದು ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು. ಅದಕ್ಕೆ ಕೊಡಬೇಕಾದ ಉತ್ತರವೂ ಗೊತ್ತಿತ್ತು. ಯಾರನ್ನೂ ಕೇಳದೆ ಅದು ಉತ್ತರ ಕೊಟ್ಟಿತು.

“ಆಗಲಿ ಆಗಲಿ, ನೀವು ಹೋಗಿ ಬರ್ರಿ!”

ದಸ್ತಗೀರ್‌ಸಾಬ್ ಗೇರ್ ಹಾಕಿದರು. ತಾನು ಏನು ಅಂದೆನೆಂದು ಪಂಪಾಪತಿಗೆ ತಿಳಿಯುವ ಹೊತ್ತಿಗೆ ಕ್ರೂಸರ್ ಗಂಗಾವತಿ ರಸ್ತೆಗೆ ತಿರುಗಿತ್ತು. ಅವನ ಕೂಗು ಒಳಗಿನವರ ‘ಹೋ’ ಎನ್ನುವ ಗದ್ದಲದಲ್ಲಿ ಮುಚ್ಚಿಹೋಯಿತು. ಹೆಂಡತಿಗೆ ಫೋನ್ ಹಚ್ಚಿದ.

“ಸುರೇಖಾ, ನಾ ಇಲ್ಲೇ ಉಳದೀನಿ!”

“ಗೊತ್ತೈತಿ. ಕಿಡಕ್ಯಾಗಿಂದ ನೋಡೀನಿ.”

“ಗಾಡಿ ನಿಂದರಸಾಕ ಹೇಳಬಾರದಾಗಿತ್ತೇನು?”

“ಎಲ್ಲಾರ ಮುಂದ ಒಲ್ಲೆ ಅಂದವ್ರು ನೀವ. ಮುಂಜಾನಿ ನಾ ಏನು ಹೇಳಿದ್ದೆ, ನೆಪ್ಪೈತಿಲ್ಲ?” ಸುರೇಖಾ ದನಿ ಇಳಿಸಿದಳು. “ಇಲ್ಲೆ ಎಲ್ಲಾರೂ ನಿಮ್ಮನ್ನ ಹೊಗಳಾಕತ್ತಾರ. ಮಂದಿಗೋಸ್ಕರ ತನ್ನ ಜಾಗಾ ಬಿಟ್ಟುಕೊಟ್ಟ ದೊಡ್ಡ ಮನಷ್ಯಾ ಅಂತ.”

ಪಂಪಾಪತಿ ತುಸು ನೆಟ್ಟಗಾದ. “ಖರೇನ? ಮೇಡಂನೂ ಅಂದ್ರೇನು?”

ಸುರೇಖಾ ಫೋನ್ ಇಟ್ಟಳು.

ಕತ್ತಲಾಗುತ್ತ ಬಂತು. ಓಣಿಯ ಕೀಲಿಕೈಗಳನ್ನೆಲ್ಲ ಮಡಿಲಲ್ಲಿ ಇಟ್ಟುಕೊಂಡು ಪಂಪಾಪತಿ ಕಟ್ಟೆಯ ಮೇಲೆ ಕೂತ. ಹೊಟ್ಟೆ ಚುರುಗುಟ್ಟುತ್ತಿತ್ತು, ಮನೆಯಲ್ಲಿ ಬೇಯಿಸಿದ್ದೆಲ್ಲ ಗಾಡಿಯ ಮೇಲೆ ಅವನೇ ಕಟ್ಟಿದ ಬುಟ್ಟಿಯಲ್ಲಿತ್ತು. ಇನ್ನು ಜನ್ಮದಲ್ಲಿ ‘ಆಗಲಿ’ ಅನ್ನುವುದಿಲ್ಲ ಎಂದು ಆಣೆ ಮಾಡಿಕೊಂಡ. ಯಾರು ಕರೆದರೂ ಹೋಗುವುದೇ.

ಎದುರು ಮನೆಯ ಪಡಸಾಲೆಯಲ್ಲಿ ಜಂಬಣ್ಣ ತಾಟು ಹಚ್ಚಿಕೊಂಡು ಕೂತಿದ್ದ. ಕಣ್ಣಿಗೆ ಕಣ್ಣು ಸೇರಿತು.

“ಬರ್ರಿ ಪಂಪಾಪತಿಯವ್ರ, ಊಟ ಮಾಡೂಣು.”

“ಬಂದೆ ನೋಡ್ರಿ!”

ಪಂಪಾಪತಿ ಒಂದೇ ನೆಗೆತಕ್ಕೆ ಓಣಿ ದಾಟಿದ. ಜಂಬಣ್ಣನ ಕೈಯಲ್ಲಿದ್ದ ತುತ್ತು ಬಾಯಿಗೂ ಹೋಗಲಿಲ್ಲ, ತಾಟಿಗೂ ಇಳಿಯಲಿಲ್ಲ. ತಾಟಿನಲ್ಲಿ ಇದ್ದದ್ದು ಒಂದೇ ರೊಟ್ಟಿ. ಉಳಿದವನ್ನೆಲ್ಲ ಅಂಬಮ್ಮ ಸಮುದ್ರಕ್ಕೆ ಒಯ್ದಿದ್ದಳು. ಜಂಬಣ್ಣ ರೊಟ್ಟಿಯನ್ನು ನೋಡಿದ, ಪಂಪಾಪತಿಯನ್ನು ನೋಡಿದ, ಮತ್ತೆ ರೊಟ್ಟಿಯನ್ನು ನೋಡಿದ. ಬೆಳಿಗ್ಗೆ ಗೊಬ್ಬರದ ಅಂಗಡಿಯ ಮುಂದೆ ತನ್ನ ಮುಖ ಹೇಗಿದ್ದಿರಬೇಕೆಂದು ಪಂಪಾಪತಿಗೆ ಆಗ ತಿಳಿಯಿತು.

ಕೀಲಿಕೈಗಳ ಗೊಂಚಲು ಸರಿಮಾಡಿಕೊಂಡು ಅವನು ಮೆಲ್ಲಗೆ ಹಿಂದೆ ಸರಿದ.

“ಆಗಲಿ,” ಅಂದ, “ನೀವು ಮಾಡ್ರಿ.”