ಎರಡು ಪಾಳಿಯ ಒಂದು ತೋಟ

ದೊಡ್ಡವರು ಯಾವುದಾದರೂ ಕೆಲಸವನ್ನು ಮಕ್ಕಳ ಕೈಗೆ ಕೊಟ್ಟು, ಕೊಟ್ಟಿದ್ದೇವೆ ಎಂದು ಸರ್ಕ್ಯುಲರಿನಲ್ಲಿ ಬರೆದಾಗಲೆಲ್ಲ ಇಂಥದ್ದು ಆಗುತ್ತಲೇ ಇರುತ್ತದೆ. ಮಕ್ಕಳು ಆ ಕೆಲಸವನ್ನು ನಿಜವಾಗಿ ಮಾಡಿಬಿಡುತ್ತಾರೆ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸಯನ್ ಸ್ಟೇಶನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಕನ್ನಡ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಪಾಠ ಹೇಳುತ್ತಿದ್ದೆ. ಶಾಲೆ ಅಂದರೆ ಅರ್ಧ ದಿನದ ಶಾಲೆ. ಕಟ್ಟಡ ಒಂದು, ಶಾಲೆ ಎರಡು. ಬೆಳಿಗ್ಗೆ ಏಳರಿಂದ ಹನ್ನೆರಡರವರೆಗೆ ಕನ್ನಡದ ಪಾಳಿ, ಹನ್ನೆರಡೂ ಹತ್ತರಿಂದ ಸಂಜೆಯವರೆಗೆ ಮರಾಠಿ ಪಾಳಿ. ಅದೇ ಬೆಂಚು, ಅದೇ ಕರಿಹಲಗೆ, ಅದೇ ಗಡಿಯಾರ.

ಗಡಿಯಾರದ ವಿಷಯಕ್ಕೇ ಎರಡೂ ಶಾಲೆಯ ಹೆಡ್‌ಮಾಸ್ತರರು ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ನಮ್ಮವರು ಅದನ್ನು ಐದು ನಿಮಿಷ ಹಿಂದೆ ಇಡುತ್ತಾರೆಂದು ಅವರು, ಅವರು ಐದು ನಿಮಿಷ ಮುಂದೆ ಇಡುತ್ತಾರೆಂದು ನಮ್ಮವರು. ದಿನವೂ ಪಾಳಿ ಬದಲಾಗುವ ಹತ್ತು ನಿಮಿಷ ಇಬ್ಬರೂ ಒಂದೇ ಕೋಣೆಯಲ್ಲಿ ಕೂರಬೇಕಾಗುತ್ತಿತ್ತು. ಇಬ್ಬರಿಗೂ ಮರಾಠಿ ಚೆನ್ನಾಗಿ ಬರುತ್ತಿತ್ತು. ಆದರೂ ಒಬ್ಬರು ಹೇಳಿದ್ದನ್ನು ಜವಾನ ಇನ್ನೊಬ್ಬರಿಗೆ ಮರಾಠಿಯಲ್ಲೇ ಮತ್ತೊಮ್ಮೆ ಹೇಳುತ್ತಿದ್ದ.

೧. ಖಾತೆ ಹಂಚಿಕೆ

ನಮ್ಮಲ್ಲಿ ಪ್ರತಿ ವರ್ಷ ಮಕ್ಕಳ ಮಂತ್ರಿಮಂಡಲ ಆಗುತ್ತಿತ್ತು. ಗಂಟೆಮಂತ್ರಿಯಾಗಲು ಹನ್ನೊಂದು ಜನ ನಿಲ್ಲುತ್ತಿದ್ದರು, ಏಕೆಂದರೆ ಗಂಟೆ ಬಾರಿಸಲು ಸಿಗುತ್ತದೆ. ತೋಟಮಂತ್ರಿಯಾಗಲು ಯಾರೂ ನಿಲ್ಲುತ್ತಿರಲಿಲ್ಲ, ಏಕೆಂದರೆ ತೋಟವೇ ಇರಲಿಲ್ಲ. ಆ ವರ್ಷ ಒಬ್ಬಳು ಕೈ ಎತ್ತಿದಳು. ಒಂಬತ್ತು ವರ್ಷದ ಹುಡುಗಿ. ಬಿಜಾಪುರದ ಕಡೆಯವರು. ಅವಳ ಅಪ್ಪ ಬಿಲ್ಡಿಂಗುಗಳ ಪಾಯ ತೋಡುವ ಕೆಲಸಕ್ಕೆ ಹೋಗುತ್ತಿದ್ದ.

ಆಗಲೇ ಮೇಲಿನ ಕಚೇರಿಯಿಂದ ಸರ್ಕ್ಯುಲರ್ ಬಂದಿತ್ತು. ಶಾಲೆಯ ಪರಿಸರವನ್ನು ಮಕ್ಕಳೇ ಮುಂದಾಗಿ ಹಸಿರು ಮಾಡಬೇಕು, ಶಿಕ್ಷಕರು ಕೈಹಾಕಬಾರದು, ಜನವರಿಯಲ್ಲಿ ತಪಾಸಣೆ. ಕೊನೆಗೊಂದು ಸಾಲು: ಹಸಿರಾಗದೆ ಉಳಿದ ಜಾಗದಲ್ಲಿ ಸುತ್ತಲಿನ ಶಾಲೆಗಳ ಮುರಿದ ಬೆಂಚು ಇಡಲು ಶೆಡ್ ಕಟ್ಟಲಾಗುವುದು.

ನಮ್ಮಲ್ಲಿದ್ದ ಜಾಗ ಒಂದೇ. ಕಟ್ಟಡದ ಹಿಂದೆ ಕಂಪೌಂಡಿಗೆ ತಾಗಿದ ಒಂದು ಪಟ್ಟಿ, ಮೂವತ್ತು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲ. ಇನ್ನೂರು ಮಕ್ಕಳಿಗೆ ಮಣ್ಣು ಮುಟ್ಟಲು ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ನಾನು ಸರ್ಕ್ಯುಲರನ್ನು ಓದಿ ಹೇಳಿದೆ. ತೋಟಮಂತ್ರಿ ಕಿವಿಗೊಟ್ಟು ಕೇಳಿದಳು.

"ಇನ್ನ ತಡ ಮಾಡಬಾರದ್ರೀ ಸರ," ಅಂದಳು.

"ಯಾಕೆ? ಜನವರಿಗೆ ಇನ್ನೂ ಎರಡು ತಿಂಗಳಿದೆಯಲ್ಲ."

"ಮಣ್ಣು ಖಾಲಿ ಬಿಟ್ರ ಬಿಲ್ಡಿಂಗ್ ಬರ್ತೈತ್ರೀ. ನಮ್ಮಪ್ಪ ದಿನಾ ನೋಡ್ತಾನ."

ಮುಂಬಯಿಯ ಬಗ್ಗೆ ಆಮೇಲೆ ನಾನು ಬಹಳ ದಪ್ಪ ಪುಸ್ತಕಗಳನ್ನು ಓದಿದ್ದೇನೆ. ಇದಕ್ಕಿಂತ ಹೆಚ್ಚಿನದೇನೂ ಅವುಗಳಲ್ಲಿ ಇರಲಿಲ್ಲ.

೨. ಕಳೆ

ಮಕ್ಕಳು ಮನೆಯ ಡಬ್ಬಿಗಳಿಂದ ಒಂದೊಂದು ಹಿಡಿ ಮೆಂತ್ಯ ತಂದು ಬಿತ್ತಿದರು. ಕೈಹಾಕಬಾರದೆಂದು ಆಜ್ಞೆ ಇದ್ದುದರಿಂದ ನಾನು ಭಾಷಣ ಮಾಡಿದೆ. "ನಾವು ಬಿತ್ತಿದ್ದು ಬೆಳೆ. ಬಿತ್ತದೆ ಬಂದದ್ದೆಲ್ಲ ಕಳೆ. ಕಂಡ ಕೂಡಲೆ ಕಿತ್ತುಹಾಕಬೇಕು."

ನಾಲ್ಕನೆಯ ದಿನ ಮೆಂತ್ಯ ಮೊಳೆಯಿತು. ಐದನೆಯ ದಿನ ಬೆಳಿಗ್ಗೆ ಒಂದೂ ಇರಲಿಲ್ಲ. ಅದೇ ಜಾಗದಲ್ಲಿ ಬೇರೆ ಯಾವುದೋ ಸಸಿ ತಲೆ ಎತ್ತಿತ್ತು. ನನ್ನ ಪಾಠದಂತೆ ತೋಟಮಂತ್ರಿ ಅದನ್ನೆಲ್ಲ ಕಿತ್ತು ಎಸೆದು ಮತ್ತೆ ಮೆಂತ್ಯ ಬಿತ್ತಿದಳು. ಮತ್ತೆ ಮೊಳೆಯಿತು, ಮತ್ತೆ ಮಾಯವಾಯಿತು, ಮತ್ತೆ ಆ ಇನ್ನೊಂದು ಬಂತು. ಹೀಗೆ ಮೂರು ಸಲ.

"ಸರ, ಬಿತ್ತಿದ್ದು ಇಲ್ರೀ. ಬಿತ್ತಲಾರದ್ದು ಬಂದೈತಿ."

ನಾನು ವಿಜ್ಞಾನದ ಶಿಕ್ಷಕನೂ ಆಗಿದ್ದೆ. "ಹಕ್ಕಿಗಳು ತಿಂದಿರಬೇಕಮ್ಮ," ಅಂದೆ.

ಅವಳು ಒಂದು ಸಸಿ ಕಿತ್ತು ಮೂಸಿ ನೋಡಿ ನನ್ನ ಮುಂದೆ ಹಿಡಿದಳು.

"ಹಕ್ಕಿ ಮೆಂತ್ಯ ತಿಂದು, ಸಾಲು ಹಿಡಿದು ಮೂಲಂಗಿ ಬಿತ್ತತಾವೇನ್ರೀ?"

೩. ಗೇಟಿನಲ್ಲಿ ಹತ್ತು ನಿಮಿಷ

ಅಂದು ಹನ್ನೆರಡಕ್ಕೆ ಗಂಟೆಯಾದ ಮೇಲೆ ಅವಳು ಮನೆಗೆ ಹೋಗಲಿಲ್ಲ. ಗೇಟಿನಲ್ಲಿ ಬೇರುಸಹಿತ ಒಂದು ಮೂಲಂಗಿ ಸಸಿ ಹಿಡಿದು ನಿಂತಳು. ನಾನು ಸ್ವಲ್ಪ ಹಿಂದೆ ಗೋಡೆಯ ಬಳಿ ನಿಂತೆ. ಮರಾಠಿ ಶಾಲೆಯ ಮಕ್ಕಳು ಬರತೊಡಗಿದರು. ಒಬ್ಬ ಹುಡುಗ ಆ ಸಸಿಯನ್ನು ನೋಡಿ ನಿಂತುಬಿಟ್ಟ. ಅವಳಿಗಿಂತ ಒಂದು ಗೇಣು ಕುಳ್ಳ, ಆದರೆ ನಿಲುವು ಮಂತ್ರಿಯದೇ. ಅವರ ಶಾಲೆಯ ತೋಟಮಂತ್ರಿ ಅವನು. ನಮ್ಮ ಮೂಲಂಗಿ ಯಾಕೆ ಕಿತ್ತೆ ಎಂದು ಮುಂಬಯಿ ಹಿಂದಿಯಲ್ಲಿ ಕೇಳಿದ.

"ಹಮಾರಾ ಮೂಲಿ ಕಾಯ್‌ಕೂ ನಿಕಾಲಾ?"

"ತುಮ್ ಹಮಾರಾ ಮೇಥಿ ಕಾಯ್‌ಕೂ ನಿಕಾಲಾ?"

"ಹಮಾರಾ ಸರ್ ಬೋಲಾ. ಅಪ್ನಾ ನಹೀ ವೋ ಸಬ್ ಕಚ್ರಾ."

ಅವಳು ತಿರುಗಿ ನನ್ನನ್ನು ಒಮ್ಮೆ ನೋಡಿದಳು. ನಮ್ಮದಲ್ಲದ್ದೆಲ್ಲ ಕಸ ಎಂದು ಇಬ್ಬರು ಶಿಕ್ಷಕರು ಒಂದೇ ಸರ್ಕ್ಯುಲರ್ ಓದಿಕೊಂಡು ಒಂದೇ ಭಾಷಣ ಮಾಡಿದ್ದೆವು. ನಾನು ಗೋಡೆಯ ಮೇಲಿನ ಚುನಾವಣೆಯ ಬರಹವನ್ನು ಗಮನವಿಟ್ಟು ಓದತೊಡಗಿದೆ.

ಒಪ್ಪಂದಕ್ಕೆ ಏಳು ನಿಮಿಷ ಹಿಡಿಯಿತು. ಒಂದು ಸಾಲು ಮೆಂತ್ಯ, ಒಂದು ಸಾಲು ಮೂಲಂಗಿ. ನಲ್ಲಿಯಲ್ಲಿ ನೀರು ಬರುವುದು ಬೆಳಿಗ್ಗೆ ಮಾತ್ರ, ಆದ್ದರಿಂದ ನೀರು ಹಾಕುವುದು ಕನ್ನಡದವರು. ಆಡುಗಳು ನುಗ್ಗುವುದು ಮಧ್ಯಾಹ್ನ, ಆದ್ದರಿಂದ ಕಾಯುವುದು, ಕಳೆ ತೆಗೆಯುವುದು ಮರಾಠಿಯವರು. ಯಾವುದು ಕಳೆ ಎಂಬುದನ್ನು ಇಬ್ಬರೂ ಕೂಡಿ ನಿರ್ಧರಿಸತಕ್ಕದ್ದು. ಕೊನೆಯ ಕರಾರು, ದೊಡ್ಡವರಿಗೆ ಹೇಳತಕ್ಕದ್ದಲ್ಲ.

ಆಗ ಆ ಹುಡುಗನಿಗೆ ನಾನು ಕಂಡೆ. "ಯೇ ಕೌನ್?" ಎಂದು ಅನುಮಾನದಿಂದ ಕೇಳಿದ.

"ಹಮಾರಾ ಸರ್," ಅಂದಳು ನಮ್ಮ ಮಂತ್ರಿ. "ಚಲೇಗಾ. ವೋ ಕುಛ್ ನಹೀ ಕರ್‌ತಾ." ಪರವಾಗಿಲ್ಲ, ಇವರು ಏನೂ ಮಾಡುವುದಿಲ್ಲ ಎಂದು.

೪. ಗೊಬ್ಬರ

ಶಾಲೆಯ ಎದುರಿನ ಉಡುಪಿ ಹೋಟೆಲಿನ ಯಜಮಾನರು ಚಹಾದ ಚರಟ, ತರಕಾರಿ ಸಿಪ್ಪೆ, ಬಾಳೆಲೆ ಎಲ್ಲ ಗೊಬ್ಬರದ ಗುಂಡಿಗೆ ಒಯ್ಯಿರಿ ಎಂದು ಒಪ್ಪಿದ್ದರು. ದಿನಕ್ಕೆ ಇಬ್ಬರು ಮಕ್ಕಳು ಬಕೆಟ್ ಹಿಡಿದು ಹೋಗಬೇಕು. ಮೊದಲ ದಿನ ಹೋದ ಇಬ್ಬರಿಗೆ ಅಡುಗೆಭಟ್ಟರು ಬಿಸಿ ಬನ್ಸ್ ಕೊಟ್ಟರು. ಮರುದಿನದಿಂದ ಪರಿಸರದ ಬಗ್ಗೆ ನಮ್ಮ ಶಾಲೆಯಲ್ಲಿ ಕಾಳಜಿ ಹೆಚ್ಚಿತು. ಜ್ವರ ಬಂದ ಒಬ್ಬ ಹುಡುಗ ತನ್ನ ಸರದಿಯ ದಿನ ಹೊದಿಕೆ ಹೊದ್ದುಕೊಂಡೇ ಬಕೆಟ್ ಹಿಡಿದು ಬಂದ. ಬರಬರುತ್ತ ಬಕೆಟ್ಟೂ ಇಲ್ಲದೆ ಗೊಬ್ಬರಕ್ಕೆ ಹೋಗತೊಡಗಿದರು.

ಒಂದು ದಿನ ಯಜಮಾನರು ಕ್ಯಾಶ್ ಕೌಂಟರಿನಿಂದಲೇ ನನ್ನನ್ನು ಕರೆದರು.

"ಮಾಸ್ಟ್ರೇ, ಒಂದು ಮಾತು ಕೇಳ್ಲಿಕ್ಕುಂಟು. ಬೇಜಾರು ಮಾಡ್ಬೇಡಿ."

"ಕೇಳಿ."

"ಇವತ್ತು ಬೆಳಿಗ್ಗೆಯಿಂದ ಹದಿನೇಳು ಮಂದಿ ಬಂದು ಹೋದರು. ನಿಮ್ಮ ತೋಟ ಎಷ್ಟು ಎಕರೆ ಉಂಟು ಮಾರಾಯ್ರೆ?"

೫. ತಪಾಸಣೆ

ಜನವರಿಯ ಹೊತ್ತಿಗೆ ಆ ಪಟ್ಟಿ ಹಸಿರಾಗಿ ತುಂಬಿತ್ತು. ನಮ್ಮ ಹೆಡ್‌ಮಾಸ್ತರರು ಬೆಳಿಗ್ಗೆ ಮಾತ್ರ ನೋಡಿ ತೋಟ ನಮ್ಮದೆಂದು ತಿಳಿದಿದ್ದರು. ಅವರ ಹೆಡ್‌ಮಾಸ್ತರರು ಮಧ್ಯಾಹ್ನ ಮಾತ್ರ ನೋಡಿ ತಮ್ಮದೆಂದು ತಿಳಿದಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲವಾದ್ದರಿಂದ ಯಾವ ತಕರಾರೂ ಇರಲಿಲ್ಲ.

ನನಗೆ ಮಾತ್ರ ಹೆದರಿಕೆ. ತಪಾಸಣೆಯ ಫಾರಂ ಪ್ರತಿ ಶಾಲೆಗೆ ಬೇರೆ ಬೇರೆ. ತೋಟದ ಉದ್ದ ಇಪ್ಪತ್ತೈದು ಹೆಜ್ಜೆಗೆ ಕಡಿಮೆ ಇದ್ದರೆ ಲೆಕ್ಕಕ್ಕಿಲ್ಲ. ಅರ್ಧ ಅರ್ಧ ಹಂಚಿಕೊಂಡರೆ ಇಬ್ಬರಿಗೂ ಇಲ್ಲ, ಶೆಡ್ಡು ಖಂಡಿತ.

"ಏನಮ್ಮ ಮಾಡುತ್ತೀ?" ಎಂದು ಕೇಳಿದೆ.

"ಬೆಂಚು ಮುಂಜಾನೆ ನಮ್ಮವು, ಮಧ್ಯಾಹ್ನ ಅವರವು. ಹಲಗಿನೂ ಹಂಗ. ತೋಟಕ್ಕೇನಾಗೈತ್ರೀ?"

ಮಂತ್ರಿಗಳಿಬ್ಬರೂ ಆಗಲೇ ಒಂದು ಫಲಕ ಮಾಡಿಟ್ಟಿದ್ದರು. ಎಣ್ಣೆ ಡಬ್ಬಿಯ ತಗಡಿನ ಒಂದು ಮಗ್ಗುಲಿಗೆ ಕನ್ನಡದಲ್ಲಿ ನಮ್ಮ ಶಾಲೆಯ ಹೆಸರು, ಇನ್ನೊಂದು ಮಗ್ಗುಲಿಗೆ ಮರಾಠಿಯಲ್ಲಿ ಅವರ ಶಾಲೆಯ ಹೆಸರು ಬರೆದು ಕೋಲಿಗೆ ಕಟ್ಟಿದ್ದರು. ಹನ್ನೆರಡಕ್ಕೆ ತಿರುಗಿಸಿದರಾಯಿತು.

ಅಧಿಕಾರಿಗಳು ಹನ್ನೊಂದೂವರೆಗೆ ಬಂದರು. ಪರೇಲಿನಿಂದ ಬಿಸಿಲಿನಲ್ಲಿ ಬಸ್ಸಿಗೆ ನಿಂತು ಬಂದವರು. ಬೆವರು ಒರೆಸಿಕೊಳ್ಳುತ್ತ ತೋಟ ನೋಡಿ, "ಹೂಂ" ಎಂದು ಬರೆದುಕೊಂಡರು. ಆಮೇಲೆ ಎದುರಿನ ಹೋಟೆಲಿನಲ್ಲಿ ಊಟ. ಯಜಮಾನರು ಪಾಯಸ ಎರಡು ಸಲ ಬಡಿಸಿದರಂತೆ. ಒಂದೂವರೆಗೆ ಮರಾಠಿ ಶಾಲೆಯ ತಪಾಸಣೆಗೆ ಹಿಂದಿನ ಗೇಟಿನಿಂದ ಬಂದರು. ಹಾಜರಿ ಪುಸ್ತಕ ತಿದ್ದುವ ನೆಪದಲ್ಲಿ ನಾನು ಉಳಿದುಕೊಂಡಿದ್ದೆ.

ಅವರಿಗೆ ಅನುಮಾನ ಬರಲಿಲ್ಲವೇ ಎಂದು ಕೇಳಬಹುದು. ಬಂತು. "ಬೆಳಿಗ್ಗೆಯೂ ಇಂಥದ್ದೇ ಒಂದು ತೋಟ ನೋಡಿದ ಹಾಗಿದೆ," ಎಂದು ಮರಾಠಿಯಲ್ಲಿ ಅಂದರು. ಆ ಕುಳ್ಳ ಮಂತ್ರಿ ಕೈಕಟ್ಟಿ ನಿಂತು ವಿನಯದಿಂದ ಹೇಳಿದ:

"ಹೌದು ಸರ್. ಎಲ್ಲ ಶಾಲೆಗಳಿಗೂ ಒಂದೇ ಸರ್ಕ್ಯುಲರ್ ಹೋಗಿದೆ."

ಅಧಿಕಾರಿಗಳ ಮುಖ ಅರಳಿತು. ತಮ್ಮ ಸರ್ಕ್ಯುಲರನ್ನು ಇಷ್ಟು ಚಾಚೂ ತಪ್ಪದೆ ಪಾಲಿಸಿದ್ದನ್ನು ಅವರು ಅದುವರೆಗೆ ಕಂಡಿರಲಿಲ್ಲ.

೬. ನೋಡಿ ಬಂದ ವರದಿ

ಮುಂದಿನ ತಿಂಗಳು ಎರಡೂ ಶಾಲೆಗಳಿಗೆ ಕಾಗದ ಬಂತು. ಮರಾಠಿ ಶಾಲೆಯ ತೋಟ ಇಡೀ ವಿಭಾಗಕ್ಕೇ ಮೊದಲನೆಯದು. ಅದನ್ನು ಮಾದರಿ ತೋಟವೆಂದು ಹಾಗೆಯೇ ಉಳಿಸತಕ್ಕದ್ದು. ಕನ್ನಡ ಶಾಲೆಯ ತೋಟ ಸಾಧಾರಣ. ಅದರ ಜಾಗದಲ್ಲಿ ಶೆಡ್ ಕಟ್ಟಲು ಅಡ್ಡಿಯಿಲ್ಲ. ಶೆಡ್ ಬೇಡವೆಂದಾದರೆ, ಕನ್ನಡ ಶಾಲೆಯ ಮಕ್ಕಳು ಮರಾಠಿ ಶಾಲೆಯ ತೋಟಕ್ಕೆ ಹೋಗಿ, ನೋಡಿ, ಕಲಿತು, ಹದಿನೈದು ದಿನದೊಳಗೆ ತಾವೇ ವರದಿ ಬರೆದು ಕಳಿಸತಕ್ಕದ್ದು.

ಎರಡು ತಪಾಸಣೆಗಳ ನಡುವೆ ಗಿಡಗಳಲ್ಲಿ ಏನೂ ವ್ಯತ್ಯಾಸವಾಗಿರಲಿಲ್ಲ. ಅಧಿಕಾರಿಗಳಿಗೆ ಮಾತ್ರ ಒಂದು ಊಟವಾಗಿತ್ತು.

ನಮ್ಮ ಹೆಡ್‌ಮಾಸ್ತರರು ಕುಂದಾಪುರದ ಕಡೆಯವರು. ಕಾಗದ ಓದಿ ನನ್ನನ್ನು ಕರೆದರು. "ಎಂತ ಮಾಸ್ತರೇ ಇದು? ಅವರಿಗೆ ತೋಟ ಎಲ್ಲಿ ಉಂಟು? ನಾನು ನೋಡಲೇ ಇಲ್ಲ."

ನಾನು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ನಿಜ ತಿಳಿಸಿದರೆ ಎರಡು ಶಾಲೆಯೂ ಮೋಸ ಮಾಡಿದ ಹಾಗಾಗುತ್ತದೆ. ತಿಳಿಸದಿದ್ದರೆ ವಿಭಾಗದ ಮಾದರಿ ತೋಟದ ಮೇಲೆ ಮುರಿದ ಬೆಂಚುಗಳ ಶೆಡ್ ಏಳುತ್ತದೆ. ಇಂಥ ವಿಷಯವನ್ನು ಜವಾನನ ಮೂಲಕ ಹೇಳಿಕಳಿಸುವಂತಿಲ್ಲ. ಹನ್ನೆರಡೂ ಐದಕ್ಕೆ ಅವರು ಎದ್ದು, ನಾಲ್ಕು ವರ್ಷದ ಮೇಲೆ ಮೊದಲ ಸಲ, ಎದುರಿನ ಮೇಜಿನ ಬಳಿ ಹೋಗಿ ನೇರವಾಗಿ ಮರಾಠಿಯಲ್ಲಿ ಮಾತಾಡಿದರು.

"ನಮ್ಮ ಮಕ್ಕಳು ನಿಮ್ಮ ತೋಟವನ್ನು ಒಮ್ಮೆ ನೋಡಬೇಕಿತ್ತು."

ಅವರ ಹೆಡ್‌ಮಾಸ್ತರರಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಮೊದಲ ಸ್ಥಾನ ಬಂದ ಸಂತೋಷದಲ್ಲಿದ್ದರು. "ಅವಶ್ಯ ಬರಲಿ," ಅಂದರು. "ನಿಮ್ಮದೇ ತೋಟ ಅಂತ ತಿಳಿಯಿರಿ."

ಮೂಲೆಯಲ್ಲಿದ್ದ ಜವಾನ ಅಭ್ಯಾಸಬಲದಿಂದ ಆ ಮಾತನ್ನು ಇನ್ನೊಮ್ಮೆ ಹೇಳಿದ.

ಶನಿವಾರ ಹನ್ನೆರಡರ ಗಂಟೆಯಾದ ಮೇಲೆ ತೋಟಮಂತ್ರಿ ನಲವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿದಳು. ತರಗತಿಯ ಕಿಟಕಿಯಿಂದ ತೋಟ ಕಾಣುತ್ತಿತ್ತು. ಅವಳು ಸಾಲನ್ನು ಮುಂದಿನ ಗೇಟಿನಿಂದ ಹೊರಗೆ ನಡೆಸಿ, ಹೋಟೆಲು ದಾಟಿಸಿ, ಇಡೀ ಕಟ್ಟಡ ಸುತ್ತಿಸಿ ಹಿಂದಿನ ಗೇಟಿಗೆ ಕರೆತಂದಳು.

"ಇಷ್ಟು ದೂರ ಯಾಕಮ್ಮ?" ಅಂದೆ.

"ವರದಿಯಾಗ 'ಹೋಗಿ ನೋಡಿದೆವು' ಅಂತ ಬರಿಬೇಕಲ್ರೀ ಸರ. ಹೋಗಲಾರದ ಬರದ್ರ ಸುಳ್ಳಾಗತೈತಿ."

ಗೇಟಿನಲ್ಲಿ ಕುಳ್ಳ ಮಂತ್ರಿ ಸ್ವಾಗತಕ್ಕೆ ನಿಂತಿದ್ದ. ಇವಳು ಹಿಂದಿಯಲ್ಲಿ ಪ್ರಶ್ನೆ ಕೇಳಿದಳು, ಎಷ್ಟು ದಿನಕ್ಕೆ ಮೊಳೆಯುತ್ತದೆ, ಗೊಬ್ಬರ ಎಲ್ಲಿಂದ ಎಂದು. ಅವನು ಗಂಭೀರವಾಗಿ ಉತ್ತರಿಸಿದ. ಇವಳು ಪಾಟಿಯ ಮೇಲೆ ಬರೆದುಕೊಂಡಳು. ಇಬ್ಬರೂ ನಗಲಿಲ್ಲ. ನಮ್ಮ ಹೆಡ್‌ಮಾಸ್ತರರು ಮಾತ್ರ ಕಿಟಕಿಯಿಂದ ಸರಿದು ಒಳಗೆ ಹೋದರು.

ವರದಿಯಲ್ಲಿ ನಾನು ಕಾಗುಣಿತ ಮಾತ್ರ ತಿದ್ದಿದೆ. ಅದು ಹೀಗಿತ್ತು:

"ನಾವು ಮರಾಠಿ ಶಾಲೆಯ ತೋಟಕ್ಕೆ ಹೋಗಿ ನೋಡಿದೆವು. ತುಂಬ ಚಂದ ಇದೆ. ಅವರೂ ಮೆಂತ್ಯ ಮತ್ತು ಮೂಲಂಗಿ ಹಾಕಿದ್ದಾರೆ. ಅವರ ಮೆಂತ್ಯ ನಮ್ಮ ಮೆಂತ್ಯದಷ್ಟೇ ಎತ್ತರ ಇದೆ. ಅವರ ಪಾಳಿಯಲ್ಲಿ ನಲ್ಲಿಗೆ ನೀರು ಬರುವುದಿಲ್ಲ. ಆದರೂ ಮಣ್ಣು ಹಸಿ ಇದೆ. ದಿನಾ ಬೆಳಿಗ್ಗೆ ಯಾರೋ ಬಹಳ ಒಳ್ಳೆಯವರು ಬಂದು ನೀರು ಹಾಕಿ ಹೋಗುತ್ತಾರಂತೆ. ಇನ್ನು ಮುಂದೆ ನಾವೂ ಅವರ ಹಾಗೆಯೇ ತೋಟ ಮಾಡುತ್ತೇವೆ. ಶೆಡ್ ಬೇಡ."

ಎಂಟು ದಿನದಲ್ಲಿ ಉತ್ತರ ಬಂತು. ವರದಿ ತೃಪ್ತಿಕರ. ಕನ್ನಡ ಶಾಲೆಯಲ್ಲಿ ಸುಧಾರಣೆಯ ಲಕ್ಷಣ ಕಂಡುಬಂದಿರುವುದರಿಂದ ಶೆಡ್ ರದ್ದು ಮಾಡಲಾಗಿದೆ. ಕೆಳಗೆ, ಮರಾಠಿ ಶಾಲೆಯ ಹೆಡ್‌ಮಾಸ್ತರರಿಗೆ ಪ್ರತ್ಯೇಕ ಆದೇಶ:

"ತಮ್ಮ ತೋಟಕ್ಕೆ ದಿನಾ ಬೆಳಿಗ್ಗೆ ಸ್ವಂತ ಇಚ್ಛೆಯಿಂದ ನೀರು ಹಾಕುತ್ತಿರುವ ಆ ಸಜ್ಜನರು ಯಾರೆಂದು ಕೂಡಲೇ ಪತ್ತೆ ಹಚ್ಚಿ, ಅವರನ್ನು ಕನ್ನಡ ಶಾಲೆಗೂ ಸ್ವಲ್ಪ ಕಳಿಸಿಕೊಡತಕ್ಕದ್ದು."