ಹಿಂದಿನ ಓಣಿಯ ಗೇಟು

ಭಾನುವಾರ ಬೆಳಿಗ್ಗೆ ಗೌತಮ ಅಳತೆಯ ಟೇಪು ಹಿಡಿದು ಮನೆಯಿಂದ ಹೊರಬಿದ್ದದ್ದು ಹೆಂಡತಿಯನ್ನು ಸಂತೋಷಪಡಿಸಲು. ಅಷ್ಟೇ. ಅದರ ಹಿಂದೆ ಬೇರಾವ ಉದ್ದೇಶವೂ ಇರಲಿಲ್ಲವೆಂದು ಅವನು ಆ ದಿನ ಎಷ್ಟು ಜನರ ಮುಂದೆ ಆಣೆ ಮಾಡಿದನೋ, ಒಬ್ಬರೂ ನಂಬಲಿಲ್ಲ.

ಬೈಲಹೊಂಗಲದ ಅಂಚಿನಲ್ಲಿ ವಿಶ್ವವಿದ್ಯಾಲಯದ ಹೊಸ ಆವರಣ ಎದ್ದು ನಿಂತ ಮೇಲೆ ಅದರ ಮುಂದಿನ ರಸ್ತೆಯ ಹಣೆಬರಹವೇ ಬದಲಾಗಿತ್ತು. ದನದ ಕೊಟ್ಟಿಗೆಗಳು ಗುಲಾಬಿ ಬಣ್ಣ ಬಳಿದುಕೊಂಡು ಲೇಡೀಸ್ ಪೀಜಿಗಳಾದವು. ಹೊಟ್ಟು ತುಂಬುತ್ತಿದ್ದ ಖೋಲಿಗಳಲ್ಲಿ ಎಂ.ಎ. ಓದುವ ಹುಡುಗರು ಕಾಲು ಮಡಚಿ ಮಲಗತೊಡಗಿದರು. ಝೆರಾಕ್ಸ್ ಅಂಗಡಿ, ಎಗ್‌ರೈಸ್ ಗಾಡಿ, ಮೊಬೈಲ್ ರಿಪೇರಿ ಎಲ್ಲವೂ ಬಂದವು. ಆದರೆ ಆವರಣದ ಹಿಂಬದಿಯ ಓಣಿಗೆ ಬಂದದ್ದು ಕಾಂಪೌಂಡ್ ಗೋಡೆ ಮಾತ್ರ. ಮದುವೆ ಮನೆಯ ಹಿತ್ತಿಲಲ್ಲಿ ಕುಳಿತು ಅಡುಗೆಯ ವಾಸನೆ ಕುಡಿಯುವವರಂತೆ ಹಿಂದಿನ ಓಣಿಯವರು ಆ ಗೋಡೆ ನೋಡುತ್ತ ದಿನ ಕಳೆಯುತ್ತಿದ್ದರು. "ಈ ಕಡೆ ಒಂದು ಗೇಟ್ ಬಿತ್ತಂದ್ರ ಸಾಕ್ ನೋಡ್ರಿ" ಎನ್ನುವುದು ಅಲ್ಲಿ ನಮಸ್ಕಾರದ ಬದಲು ಆಡುವ ಮಾತಾಗಿತ್ತು.

ಆ ಆಸೆಯ ಮೇಲೆಯೇ ದುಂಡಪ್ಪ ಬೆಲ್ಲದ ವ್ಯಾಪಾರ ಬಿಟ್ಟು ನಾಲ್ಕು ಮಜಲಿಯ ಪೀಜಿ ಎಬ್ಬಿಸಿದ್ದ. ಸದ್ಯಕ್ಕೆ ಅದರಲ್ಲಿ ಪಾರಿವಾಳಗಳು ಬಾಡಿಗೆ ಇಲ್ಲದೆ ವಾಸವಾಗಿದ್ದವು. ಓಣಿಯ ಇನ್ನೊಂದು ತುದಿಗೆ ರಾಚವ್ವ ಖಾನಾವಳಿ ತೆರೆದು, ರೊಟ್ಟಿ ಬಡಿಯುತ್ತ ಬಡಿಯುತ್ತ ಗೋಡೆಯ ಕಡೆಗೇ ಕಣ್ಣಿಟ್ಟಿದ್ದಳು.

ದುಂಡಪ್ಪನ ನಾಲ್ಕು ಮಜಲಿ ಎದ್ದ ದಿನದಿಂದ ಪಕ್ಕದ ಗೌತಮನ ಅಂಗಳಕ್ಕೆ ಬಿಸಿಲು ಬರುವುದು ನಿಂತಿತ್ತು. ಒಗೆದ ಅರಿವೆಗಳು ಒಣಗದೆ ಮುಗ್ಗುಲು ವಾಸನೆ ಹೊಡೆಯುತ್ತಿದ್ದವು. "ಎದುರಿನ ಗ್ವಾಡಿಗೆ ಬಂಗಾರದಂಥಾ ಬಿಸಲ ಬೀಳತೈತಿ. ನಮ್ಮ ಕಿಡಕಿಯಿಂದ ಅಲ್ಲೀತನಕ ಒಂದು ಹಗ್ಗಾ ಕಟ್ಟಿಕೊಡ್ರಿ" ಎಂದು ಹೆಂಡತಿ ಪ್ರಣಿತಾ ಮಳೆಗಾಲದಿಂದ ಹೇಳುತ್ತಿದ್ದಳು. ಗೌತಮ ಹ್ಞೂಂ ಎನ್ನುತ್ತಿದ್ದ. ಹ್ಞೂಂ ಎನ್ನುವುದರಲ್ಲಿ ಅವನನ್ನು ಮೀರಿಸುವವರು ಇಡೀ ತಾಲೂಕಿನಲ್ಲಿ ಇರಲಿಲ್ಲ. ಈಗ ಅವಳು ತವರುಮನೆ ಸಂಗೊಳ್ಳಿಗೆ ಹೋಗಿದ್ದಳು; ಇಂದು ಮಧ್ಯಾಹ್ನದ ಬಸ್ಸಿಗೆ ಬರುವವಳಿದ್ದಳು. ಬಂದವಳು ಹಗ್ಗ ನೋಡಿ ದಂಗಾಗಬೇಕು ಎಂದು ಅವನಿಗೆ ಒಮ್ಮೆಲೇ ಹುಮ್ಮಸ್ಸು ಬಂದಿತ್ತು.

ಒಂದೇ ಒಂದು ತೊಡಕು. ಗೌತಮ ಅದೇ ವಿಶ್ವವಿದ್ಯಾಲಯದ ಕಟ್ಟಡ ವಿಭಾಗದಲ್ಲಿ ಗುಮಾಸ್ತ. ಸುಟ್ಟ ಟ್ಯೂಬ್‌ಲೈಟು, ಸೋರುವ ನಲ್ಲಿ, ಮುರಿದ ಕುರ್ಚಿ, ಇವುಗಳ ದೂರು ಬರೆದುಕೊಳ್ಳುವುದು ಅವನ ಕೆಲಸ. ಅಂಥವನೇ ಸರಕಾರಿ ಗೋಡೆಗೆ ಮೊಳೆ ಹೊಡೆದರೆ ಸಾಹೇಬರು ಬಿಟ್ಟಾರೆಯೇ? ಅದಕ್ಕೇ ಓಣಿ ಏಳುವ ಮೊದಲೇ ಕಳ್ಳಬೆಕ್ಕಿನಂತೆ ಗೋಡೆಯ ಬಳಿಗೆ ಹೋದ. ಅತ್ತ ಇತ್ತ ನೋಡಿ ಟೇಪು ಎಳೆದ. ಇಟ್ಟಂಗಿಯ ಚೂರು ಆರಿಸಿಕೊಂಡು, ಮೊಳೆ ಬಡಿಯುವ ಜಾಗದಲ್ಲಿ ಕೆಂಪಗೆ ಒಂದು ಇಂಟು ಮಾರ್ಕು ಹಾಕಿದ.

"ಏನ್ ಅಳತಿ ನಡಸೀಯೋ ಗೌತಮಾ?"

ಮೇಲೆ ನೋಡಿದರೆ ನಾಲ್ಕನೆಯ ಮಜಲಿಯ ಮೇಲೆ ದುಂಡಪ್ಪ ಬಾಯಿ ತುಂಬ ನೊರೆ ತುಂಬಿಕೊಂಡು ಹಲ್ಲುಜ್ಜುತ್ತ ನಿಂತಿದ್ದ. ಗೌತಮ ಬೆಚ್ಚಿದ. ಟೇಪು ಸರ್ರನೆ ಸುತ್ತಿಕೊಂಡು ಬೆರಳಿಗೆ ಹೊಡೆಯಿತು.

"ಏನಿಲ್ರಿ ಕಾಕಾ... ಸುಮ್ನ."

"ಸುಮ್ನ?"

"ಹೂಂರಿ. ಯಾರ ಮುಂದೂ ಹೇಳಬ್ಯಾಡ್ರಿ ಮತ್ತ."

ಈ ಕೊನೆಯ ಮಾತನ್ನು ಅವನು ಆಡಬಾರದಿತ್ತು. ಕಟ್ಟಡ ವಿಭಾಗದವನು, ರಜೆಯ ದಿನ, ಜನ ಏಳುವ ಮೊದಲು, ಗೋಡೆ ಅಳೆದು ಕೆಂಪು ಗುರುತು ಹಾಕುತ್ತಾನೆ. ಸಾಲದ್ದಕ್ಕೆ ಯಾರಿಗೂ ಹೇಳಬೇಡಿ ಎನ್ನುತ್ತಾನೆ. ದುಂಡಪ್ಪ ಬಾಯಲ್ಲಿದ್ದ ನೊರೆಯನ್ನು ಉಗುಳುವುದೂ ಮರೆತು ನುಂಗಿಬಿಟ್ಟ.

ಗೌತಮ ಚಹಾ ಕಾಸುವಷ್ಟರಲ್ಲಿ ದುಂಡಪ್ಪ ಬಾಗಿಲಲ್ಲಿದ್ದ. ಕೈಯಲ್ಲಿ ಬಿಸಿ ಉಪ್ಪಿಟ್ಟಿನ ಡಬ್ಬಿ. ನಾಲ್ಕು ಮಜಲಿ ಎಬ್ಬಿಸಿ ಬಿಸಿಲು ಕಸಿದವನು ಇಷ್ಟು ದಿನ ಒಂದು ಲೋಟ ನೀರೂ ಕೊಟ್ಟಿರಲಿಲ್ಲ.

"ತಗೋರಿ ಸಾಹೇಬ್ರ, ತಿನ್ರಿ. ವೈನಿ ಊರಾಗಿಲ್ಲ, ಉಪವಾಸ ಇರತೀರಿ" ಎಂದು ಕುಳಿತು, ದನಿ ಇಳಿಸಿದ. "ಗೇಟ್ ನೀವ್ ಗುರ್ತ ಹಾಕಿದ್ದಲ್ಲೇ ಬರತೈತೋ, ಏನ್ ಎರಡ್ ಮಾರು ನನ್ ಕಡೆ ಸರೀತೈತೋ?"

"ಯಾವ ಗೇಟ್ರಿ?"

"ಆತು ಬಿಡ್ರಿ. ನೀವೂ ಹೇಳಿಲ್ಲ, ನಾನೂ ಕೇಳಿಲ್ಲ" ಎಂದು ದುಂಡಪ್ಪ ಕಣ್ಣು ಮಿಟುಕಿಸಿ ಎದ್ದ.

ಯಾರಿಗೂ ಹೇಳುವುದಿಲ್ಲವೆಂದು ದುಂಡಪ್ಪ ಆಣೆ ಮಾಡಿಸಿಕೊಂಡು ಒಬ್ಬರಿಗೆ ಹೇಳಿದ. ಅವರು ಅದೇ ಆಣೆಯ ಮೇಲೆ ಇನ್ನೊಬ್ಬರಿಗೆ ಹೇಳಿದರು. ಬಿಸಿಲೇರುವಷ್ಟರಲ್ಲಿ ಆಣೆ ಮಾಡದವರು ಓಣಿಯಲ್ಲಿ ಯಾರೂ ಉಳಿಯಲಿಲ್ಲ. ರಾಚವ್ವ ಹೋಳಿಗೆಯ ಮೇಲೆ ತುಪ್ಪ ಸುರಿದುಕೊಂಡು ಬಂದಳು.

"ತಮ್ಮಾ, ಗೇಟ್ ಹುಡುಗೂರು ಉಣ್ಣೋ ಜಾಗಾದ ಮುಂದ ಇದ್ರ ಪುಣ್ಯಾ ಬರತೈತಿ. ದುಂಡಪ್ಪನ ಪಾರಿವಾಳದ ಮುಂದ ಇಟ್ರ ಏನ್ ಬರತೈತಿ?"

"ಅವ್ವಾ, ಗೇಟೂ ಇಲ್ಲ ಏನೂ ಇಲ್ಲ. ಖರೇನ ಹೇಳತೇನಿ."

"ಹಿಂಗ ಗುಟ್ಟ ಇಡಬೇಕ ನೋಡು ಆಫೀಸರ ಅಂದ್ರ!" ಎಂದು ರಾಚವ್ವ ಹೆಮ್ಮೆಯಿಂದ ಅವನ ಗಲ್ಲ ಸವರಿ ದೃಷ್ಟಿ ತೆಗೆದಳು.

ಗೌತಮ ಹೊರಗೆ ಬಂದು ನೋಡಿದರೆ ಅವನು ಹಾಕಿದ ಗುರುತು ಮಾಯವಾಗಿತ್ತು. ಯಾರೋ ತೇವದ ಅರಿವೆಯಿಂದ ಒರೆಸಿ, ದುಂಡಪ್ಪನ ಬಾಗಿಲಿಗೆ ನೇರವಾಗಿ ಹೊಸದೊಂದು ಹಾಕಿದ್ದರು. ಸ್ವಲ್ಪ ಹೊತ್ತಿಗೆ ರಾಚವ್ವನ ಖಾನಾವಳಿಯ ಎದುರು ಅದಕ್ಕಿಂತ ದೊಡ್ಡದೊಂದು ಮೂಡಿತು. ಮಧ್ಯಾಹ್ನದ ಹೊತ್ತಿಗೆ ಪ್ರತಿ ಮನೆಯ ಮುಂದೂ ಒಂದೊಂದು ಇಂಟು ಮಾರ್ಕು ಬಿದ್ದು, ಇಡೀ ಗೋಡೆಗೆ ದಡಾರ ಎದ್ದಂತೆ ಕಾಣುತ್ತಿತ್ತು.

ಆಗಲೇ ಬೈಕಿನ ಮೇಲೆ ಪ್ಲಾಟು ದಲಾಲ ವಿರೂಪಾಕ್ಷ ಬಂದಿಳಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕರಿ ಚಸ್ಮಾ, ಎರಡು ಕಿವಿಗೆ ಎರಡು ಮೊಬೈಲು. ಸವದತ್ತಿ, ರಾಮದುರ್ಗದಿಂದೆಲ್ಲ ಗಿರಾಕಿ ಹಿಡಿದು ತರುವ ಗಟ್ಟಿಗ. ಆದರೆ ಓಣಿ ಮುಗಿದ ಮೇಲೆ, ನಾಲಾದ ದಂಡೆಯಲ್ಲಿ, ಅವನೇ ಮಾಡಿದ 'ಜ್ಞಾನಗಂಗಾ ಲೇಔಟ್'ನಲ್ಲಿ ಒಂದು ಪ್ಲಾಟೂ ಹೋಗಿರಲಿಲ್ಲ. ಅಲ್ಲಿ ಜ್ಞಾನ ಎಲ್ಲಿತ್ತೋ ಗೊತ್ತಿಲ್ಲ, ಮಳೆಗಾಲದಲ್ಲಿ ಗಂಗೆ ಮಾತ್ರ ಮೊಣಕಾಲಿನವರೆಗೆ ಬರುತ್ತಿದ್ದಳು.

"ಸರ್, ಬಾಯಿ ಬಿಡೋದು ಬ್ಯಾಡ" ಎಂದ ವಿರೂಪಾಕ್ಷ. "ನಾ ಮನಿ ತೋರಸ್ತಾ ಹೋಗತೇನಿ. ಎಲ್ಲಿ ಗೇಟ್ ಬರತೈತೋ ಅಲ್ಲಿ ನೀವು ಬರೇ ಕೆಮ್ಮಿಬಿಡ್ರಿ."

ಗೌತಮನನ್ನು ಓಣಿಯ ಆ ತುದಿಗೆ ಎಳೆದುಕೊಂಡು ಹೋಗಿ ನಿಲ್ಲಿಸಿದ್ದೇ ತಡ, ಗಾಬರಿಯಿಂದ ಅವನಿಗೆ ಕೆಮ್ಮು ಬಂತು. ಎದುರಿಗಿದ್ದದ್ದು ರಾಚವ್ವನ ಖಾನಾವಳಿ.

"ಕೆಮ್ಮಿದ್ರು! ನಮ್ಮ ಮುಂದ ಕೆಮ್ಮಿದ್ರು!" ರಾಚವ್ವ ಲಟ್ಟಣಿಗೆ ಎತ್ತಿ ಕೂಗಿದಳು.

"ಅದು ಬರೇ ಕೆಮ್ಮವ್ವಾ! ಮುಂಜಾನೆ ನನ್ನ ಉಪ್ಪಿಟ್ಟ ತಿಂದ್ರಲ್ಲ, ಅದರ ಒಗ್ಗರಣೀದು!" ಎಂದು ದುಂಡಪ್ಪ ಓಡಿ ಬಂದು ಗೌತಮನ ಬಲಗೈ ಹಿಡಿದ. ಎಡಗೈ ಆಗಲೇ ರಾಚವ್ವನ ವಶವಾಗಿತ್ತು. ಇಬ್ಬರೂ ಎಳೆದ ಎಳೆತಕ್ಕೆ ಅವನ ಅಂಗಿಯ ಹೊಲಿಗೆ ಬೆನ್ನಲ್ಲಿ ಟರ್ರೆಂದಿತು. ಓಣಿಯ ಅರ್ಧ ಜನ ಅತ್ತ, ಅರ್ಧ ಜನ ಇತ್ತ ನಿಂತು ಹುರಿದುಂಬಿಸಿದರು.

ಇನ್ನು ಮಾನ ಹೋದರೂ ಸರಿ, ಜೀವ ಉಳಿದರೆ ಸಾಕೆಂದು ಗೌತಮ ಖಾನಾವಳಿಯ ಕಟ್ಟೆ ಹತ್ತಿದ. "ಕೇಳ್ರಿ ಎಲ್ಲಾರೂ! ನಾ ಗೇಟಿಗೆ ಅಳತಿ ಮಾಡಿಲ್ಲ. ಅರಿವಿ ಒಣಹಾಕಾಕ ಹಗ್ಗಾ ಕಟ್ಟಬೇಕಿತ್ತು, ಅದಕ್ಕ ಮಾಡೇನಿ. ನಮ್ಮ ಅಂಗಳದಾಗ ಬಿಸಲ ಇಲ್ಲ!"

ಓಣಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ವಿರೂಪಾಕ್ಷ ಚಸ್ಮಾ ತೆಗೆದು ಕಣ್ಣೊರೆಸಿಕೊಂಡ. "ಸರ್ಕಾರಿ ಮಂದಿ ಸುಳ್ಳ ಹೇಳೋದು ನೋಡೇನ್ರಿ. ಆದ್ರ ಅರಿವಿ ಹಗ್ಗಾ! ಭಾರೀ ತಲಿ ಐತಿ ನಿಮ್ದು."

"ಹೇಳ್ರಿ, ನನ್ನ ಮುಂದೋ ಆಕಿ ಮುಂದೋ?" ದುಂಡಪ್ಪ ಮತ್ತೆ ಕೈ ಚಾಚಿದ.

ನಿಜ ಹೇಳಿದರೆ ನಗುತ್ತಾರೆ, ಸುಮ್ಮನಿದ್ದರೆ ಹರಿದು ಹಾಕುತ್ತಾರೆ. ಯಾರಿಗೂ ಲಾಭವಾಗದ, ಯಾರೂ ಜಗಳಾಡದ ಜಾಗ ಎಲ್ಲಿದೆಯೆಂದು ಗೌತಮ ಕಣ್ಣು ಹಾಯಿಸಿದ. ದೂರದಲ್ಲಿ ನಾಲಾದ ಜಾಲಿ ಕಂಟಿ, ಕೆಸರು ಕಂಡವು. ಬೆರಳು ತಾನಾಗಿಯೇ ಅತ್ತ ಎದ್ದಿತು.

"ಇಬ್ಬರ ಮುಂದೂ ಅಲ್ಲ! ಗೇಟ್ ನಾಲಾದ ಕಡೆ ಬರತೈತಿ. ಆತಿಲ್ಲ? ಇನ್ನ ನನ್ನ ಬಿಡ್ರಿ!"

ಆ ಮಾತಿಗೆ ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ವಿರೂಪಾಕ್ಷ. ತನ್ನ ಲೇಔಟಿಗೆ ಗಿರಾಕಿ ಬರಬಹುದೆಂದು ಅವನು ಕನಸಿನಲ್ಲೂ ನೆನೆಸಿರಲಿಲ್ಲ. ಆದರೆ ದಲಾಲನಲ್ಲವೇ, ಉಳಿದವರು ಬಾಯಿ ಮುಚ್ಚುವ ಮೊದಲೇ ಅವನ ಬೈಕು ನಾಲಾದ ದಾರಿ ಹಿಡಿದಿತ್ತು. ಹಿಂದೆ ದುಂಡಪ್ಪ ಪಂಚೆ ಎತ್ತಿಕೊಂಡು ಓಡಿದ. ಅವನ ಹಿಂದೆ ರಾಚವ್ವ, ರಾಚವ್ವನ ಹಿಂದೆ ಓಣಿ.

ಗೌತಮ ಮನೆಗೆ ಬಂದು ಬಾಗಿಲು ಹಾಕಿಕೊಂಡ. ಎಂಥ ಶಾಂತಿ! ಪಾರಿವಾಳಗಳ ಗುಟುರು ಬಿಟ್ಟರೆ ಸದ್ದಿಲ್ಲ. ಹೋಳಿಗೆ ತಿಂದು, ಹರಿದ ಅಂಗಿ ಬದಲಿಸಿ, ಕಾಲು ಚಾಚಿದ. ಕಣ್ಣು ಹತ್ತುವಷ್ಟರಲ್ಲಿ ಕಿಟಕಿಯ ಹೊರಗೆ ದಡದಡ ಹೆಜ್ಜೆ ಕೇಳಿಸಿತು. ರಾಚವ್ವ ತನ್ನ ಮನೆಗೆ ಹೋಗಿ, ಸೆರಗಿನಲ್ಲಿ ಏನನ್ನೋ ಗಂಟು ಹಾಕಿಕೊಂಡು ಮತ್ತೆ ನಾಲಾದ ಕಡೆಗೆ ಹೊರಟಿದ್ದಳು.

"ಎಲ್ಲಿಗವ್ವಾ?"

"ಸಂಚಕಾರ ಕೊಡಾಕಪ್ಪಾ! ಮುಂಗಡ ಕೊಟ್ಟವ್ರಿಗೆ ಪ್ಲಾಟ್ ಅನ್ನಾಕತ್ತಾನ ವಿರೂಪಾಕ್ಷ. ನನ್ನ ಬಂಗಾರದ ಸರ ಕೊಟ್ಟ ಬಿಡತೇನಿ. ನಿನ್ನ ಹೊಟ್ಟಿ ತಣ್ಣಗಿರಲಿ!"

ಗೌತಮ ದಡಕ್ಕನೆ ಎದ್ದು ಕುಳಿತ. ಇಷ್ಟು ಹೊತ್ತು ಅದು ಹುಚ್ಚಾಟವಾಗಿತ್ತು. ಈಗ ರೊಟ್ಟಿ ಬಡಿದು ಮಾಡಿಸಿದ ಸರ ತನ್ನ ಒಂದು ಬೆರಳಿನಿಂದಾಗಿ ಕೆಸರಿಗೆ ಬೀಳುವುದಿತ್ತು. ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದ.

ಜ್ಞಾನಗಂಗಾ ಲೇಔಟ್ ಜಾತ್ರೆಯಾಗಿತ್ತು. ಜಾಲಿಮುಳ್ಳಿನ ನಡುವೆ ಜನ ತಮ್ಮ ತಮ್ಮ ಪ್ಲಾಟಿನ ಮೂಲೆಗಳಲ್ಲಿ ಟವೆಲು ಹಾಸಿ ಜಾಗ ಹಿಡಿದಿದ್ದರು, ಬಸ್ಸಿನ ಸೀಟು ಹಿಡಿದಂತೆ. ಗೌತಮ ಒಂದು ಗಡಿಕಲ್ಲಿನ ಮೇಲೆ ಹತ್ತಿ, ಇದ್ದ ಶಕ್ತಿಯೆಲ್ಲ ಹಾಕಿ ಕೂಗಿದ.

"ನಿಂದ್ರಿಸ್ರಿ! ಗೇಟ್ ಬರೂದಿಲ್ಲ! ಎಲ್ಲಾ ಸುಳ್ಳ! ನೀವು ನನ್ನ ಹರಿದ ಹಾಕತಿದ್ರಿ ಅಂತ ನಾನ ಬಾಯಿಗೆ ಬಂದದ್ದ ಹೇಳೇನಿ! ರೊಕ್ಕಾ ಕೊಡಬ್ಯಾಡ್ರಿ!"

ಅವನ ದನಿಯಲ್ಲಿ ಅಳು ಇತ್ತು. ಬರಿಗಾಲಿನಲ್ಲಿ ಮುಳ್ಳು ನೆಟ್ಟಿತ್ತು. ಜನ ಮೊದಲ ಸಲ ಅವನ ಮುಖ ನೋಡಿದರು. ರಾಚವ್ವ ಸೆರಗಿನ ಗಂಟು ಬಿಗಿ ಹಿಡಿದಳು. ದುಂಡಪ್ಪ ಕಿಸೆಯಿಂದ ಅರ್ಧ ತೆಗೆದ ನೋಟುಗಳನ್ನು ಮೆಲ್ಲಗೆ ಒಳಗೆ ನೂಕಿದ. "ಖರೇನೇ ಇರಬೇಕ ಬಿಡು" ಎಂದು ಯಾರೋ ಟವೆಲು ಜಾಡಿಸಿ ಹೆಗಲಿಗೆ ಹಾಕಿಕೊಂಡರು.

ಗೌತಮನ ಎದೆ ಹಗುರಾಯಿತು. ಇಡೀ ದಿನದಲ್ಲಿ ಒಂದು ಮಾತನ್ನಾದರೂ ಜನ ನಂಬಿದ್ದರು.

ವಿರೂಪಾಕ್ಷ ಮಾತ್ರ ಅಲುಗಲಿಲ್ಲ. ಚಸ್ಮಾ ಏರಿಸಿಕೊಂಡು ನಗುತ್ತ ಕೇಳಿದ: "ಗೇಟ್ ಬರೂದಿಲ್ಲರೀ ಸರ್?"

"ಬರೂದಿಲ್ಲ!"

"ಹಂಗಾರ ರಸ್ತೆದ ಮೂಲೀ ಪ್ಲಾಟ್, ಎಲ್ಲಾಕ್ಕಿಂತ ಮೊದಲ, ಕೈಯಾನ ಪಾಟ್ಲಿ ಬಿಚ್ಚಿ ಕೊಟ್ಟು ಹಿಡದವ್ರು ಯಾರು ಅಂತ ಸ್ವಲ್ಪ ತಿರುಗಿ ನೋಡ್ರಿ."

ಗೌತಮ ತಿರುಗಿದ. ಜನರೂ ತಿರುಗಿದರು. ಮೂಲೆಯ ಪ್ಲಾಟಿನ ನಡುವೆ, ಊರಿನಿಂದ ತಂದ ಜೋಳದ ಹಿಟ್ಟಿನ ಚೀಲದ ಮೇಲೆ, ಪ್ರಣಿತಾ ರಾಣಿಯಂತೆ ಕುಳಿತಿದ್ದಳು. ಬಲಗೈ ಬೋಳಾಗಿತ್ತು. ಸಂಗೊಳ್ಳಿಯ ಬಸ್ಸು ನಾಲಾದ ಮುಂದೆಯೇ ನಿಲ್ಲುತ್ತಿತ್ತು. ಇಳಿದವಳ ಕಿವಿಗೆ ಮೊದಲು ಬಿದ್ದದ್ದು ಓಡಿ ಬರುತ್ತಿದ್ದ ಓಣಿಯವರ ಗೇಟಿನ ಮಾತೇ; ಆ ಗದ್ದಲದಲ್ಲಿ ಅವಳು ಮೂಲೆ ಹಿಡಿದದ್ದನ್ನು ಯಾರೂ ಗಮನಿಸಿರಲಿಲ್ಲ.

ಜನರಿಂದ ಹೋ ಎಂಬ ನಗು ಎದ್ದಿತು. "ಅಬ್ಬಬ್ಬಾ! ನಮಗ ಗೇಟಿಲ್ಲ ಅನ್ನೂದು, ಹೇಣ್ತಿ ಕಡಿಂದ ಮೂಲೀ ಪ್ಲಾಟ್ ಹಿಡಸೂದು!" ಎಂದು ದುಂಡಪ್ಪ ತೊಡೆ ತಟ್ಟಿದ. ಟವೆಲುಗಳು ಮತ್ತೆ ನೆಲ ಸೇರಿದವು. ರಾಚವ್ವ ಗಂಟು ಬಿಚ್ಚಿದಳು. ವಿರೂಪಾಕ್ಷನಿಗೆ ತೆಗೆದುಕೊಳ್ಳಲು ಕೈ ಸಾಲಲಿಲ್ಲ.

ಗೌತಮ ಕುಂಟುತ್ತ ಹೆಂಡತಿಯ ಬಳಿ ಹೋಗಿ ಪಿಸುಗುಟ್ಟಿದ. "ಏನ್ ಮಾಡಿದೆ ಪ್ರಣಿತಾ! ಇಲ್ಲಿ ಯಾವ ಗೇಟೂ ಬರೂದಿಲ್ಲ. ನಿನಗ ಹಗ್ಗಾ ಕಟ್ಟಬೇಕಂತ ಅಳತಿ ಮಾಡಿದ್ನೆ."

ಪ್ರಣಿತಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮಳಿಗಾಲದಿಂದ ಬಡಕೊಂಡ್ರೂ ಒಂದ ಮೊಳಿ ಬಡೀದವ್ರು, ನಾ ಇಲ್ಲದಾಗ ಐತಾರ ನಸಕಿನ್ಯಾಗ ಎದ್ದು, ತಾವಾಗೇ, ನನ್ನ ಸಲುವಾಗಿ ಅಳತಿ ಮಾಡಿದ್ರಿ? ಊರ ಮಂದಿಗೆಲ್ಲಾ ಗೇಟಿನ ಸುದ್ದಿ ಹೇಳಿ ನನಗೊಂದು ಫೋನ್ ಮಾಡಲಿಲ್ಲ, ಅದನ್ನರ ಹೊಟ್ಟ್ಯಾಗ ಹಾಕ್ಕೊಂಡೆ. ಇಂಥಾ ಸುಳ್ಳ ಮಾತ್ರ ಹೇಳಬ್ಯಾಡ್ರಿ."

ಯೋಚಿಸಿದರೆ ಗೌತಮನಿಗೇ ಅದು ನಂಬುವಂತೆ ಕಾಣಲಿಲ್ಲ. ಪ್ರಣಿತಾ ಆಗಲೇ ಎದ್ದು, ಸೀರೆ ಎತ್ತಿ ಹಿಡಿದು, ಕೆಸರಿನಲ್ಲಿ ಅಡುಗೆಮನೆ ಯಾವ ಕಡೆ, ಝೆರಾಕ್ಸ್ ಅಂಗಡಿ ಯಾವ ಕಡೆ ಎಂದು ಹೆಜ್ಜೆ ಹಾಕಿ ನೋಡತೊಡಗಿದ್ದಳು. ಮದುವೆಯಾದಾಗಿನಿಂದ ಅವಳು ಗಂಡನ ಬಗ್ಗೆ ಇಷ್ಟು ಹೆಮ್ಮೆಪಟ್ಟದ್ದನ್ನು ಅವನು ನೋಡಿರಲಿಲ್ಲ.

"ಅದೆಲ್ಲಾ ಇರಲಿ ಸಾಹೇಬ್ರ" ಎಂದು ದುಂಡಪ್ಪ ಹತ್ತಿರ ಬಂದ. "ಈಗರ ಹೇಳ್ರಿ, ಗೇಟ್ ತೆಗಿಯೂದು ಯಾವಾಗ?"

ಇಡೀ ಓಣಿ ಉಸಿರು ಹಿಡಿದು ಅವನ ಬಾಯಿ ನೋಡಿತು. ಪ್ರಣಿತಾ ಕೂಡ ಹೆಜ್ಜೆ ನಿಲ್ಲಿಸಿ, ನಗುತ್ತ ನೋಡಿದಳು. ಗೌತಮ ಅವಳ ನಗು ನೋಡಿದ, ಬೋಳು ಕೈ ನೋಡಿದ.

"ದೀಪಾವಳಿಗೆ" ಎಂದ.

ಓಣಿಯವರು ಚಪ್ಪಾಳೆ ತಟ್ಟಿದ ಸದ್ದಿಗೆ ನಾಲಾದ ಕಪ್ಪೆಗಳೆಲ್ಲ ಒಮ್ಮೆಲೇ ನೀರಿಗೆ ಹಾರಿದವು. ಯಾವ ದೀಪಾವಳಿ ಎಂದು ಯಾರೂ ಕೇಳಲಿಲ್ಲ.