ಅರವತ್ತು ಕೆಜಿಯೊಳಗಿನ ಏಳು ಮಂದಿ

ತಾಂಬಾದ ಮಗ್ಗಲಿನ ನಮ್ಮೂರಾಗ ಒಂದು ಕಬಡ್ಡಿ ತಂಡ ಐತಿ. ಅದು ವರ್ಷದಾಗ ಆಡೂದು ಹತ್ತು ದಿವಸ. ಉಳಿದ ದಿವಸ ಬರೇ ತಂಡ ಕಟ್ಟೂದು. ಯಾರನ್ನ ಬಿಡೂದು, ಯಾರನ್ನ ಇಟ್ಕೊಳ್ಳೂದು, ಯಾವೂರಿಂದ ಯಾರನ್ನ ಕರಕೊಂಡು ಬರೂದು ಅಂತ ಚಾದಂಗಡಿ ಕಟ್ಟಿ ಮ್ಯಾಲ ದಿನಾ ಚರ್ಚಾ ನಡೀತೈತಿ. ನಮ್ಮ ಆಟ ನೋಡಿ ನಕ್ಕವ್ರನ್ನ ನಾ ಕಂಡಿಲ್ಲ. ತಂಡ ಕಟ್ಟೂದು ನೋಡಿದ್ರ ಮಾತ್ರ ನಗಲಾರದ ಇರಾಕ ಆಗಂಗಿಲ್ಲ.

ಮೊದಲ ನನ್ನ ಸುದ್ದಿ ಹೇಳಿಬಿಡ್ತೇನಿ. ಹತ್ತನೇತ್ತಾದಾಗ ಎರಡು ಸಲ ನಪಾಸಾದಾವ. ತಂಡದಾಗ ಏಳನೆಯವ. ಕಬಡ್ಡಿಗೆ ಏಳು ಮಂದಿ ಬೇಕ ಬೇಕಲ್ಲ, ಹಂಗಾರ ಇವನೂ ಆಡ್ತಾನ ಅಂತ ತಿಳೀಬ್ಯಾಡ್ರಿ. ಹೊಸಬ ಒಬ್ಬ ಬಂದ ಅಂದ್ರ ಮೊದಲ ಹೊರಗ ಕುಂಡ್ರಾವ ಏಳನೆಯವ. ಎರಡು ವರ್ಷದಿಂದ ಹಂಗ ಆಗೇತಿ. ನನ್ನ ಜರ್ಸಿಗೆ ಇನ್ನೂ ಮಣ್ಣು ಹತ್ತಿಲ್ಲ. ನಮ್ಮವ್ವ ಮಾತ್ರ, "ನನ್ನ ಮಗಾ ಭಾಳ ಸ್ವಚ್ಛ ಆಡ್ತಾನ್ರಿ" ಅಂತ ಓಣಿ ತುಂಬ ಹೇಳಕೋತ ತಿರಗತಾಳ.

ಈ ವರ್ಷ ಹೆಂಗರ ಮಾಡಿ ಆಡಬೇಕು ಅಂತ ನಾ ಪಣಾ ತೊಟ್ಟಿದ್ದೆ. ಮುಂದ ಆಗಿದ್ದೆಲ್ಲಾ ಅದರಿಂದನ.

೧. ಹೋಟೆಲಿನ ಸುದ್ದಿ

ನಮ್ಮ ಕ್ಯಾಪ್ಟನ್ ಬಾಡಗಿ ಟಂಟಂ ಗಾಡಿ ಓಡಸ್ತಾನ. ಸುತ್ತೂರಾಗ ಯಾವ ಹುಡುಗ ಹ್ಯಾಂಗ ಆಡ್ತಾನ ಅನ್ನೂದು ಅವಂಗ ಬಾಯಿಪಾಠ. ಹೋದ ಮಳಿಗಾಲದಾಗ ಸಿಂದಗಿ ಕಡಿ ತಂಡದ ಒಬ್ಬ ರೇಡರ್ ಮ್ಯಾಲ ಅವನ ಕಣ್ಣು ಬಿತ್ತು. "ಅವಾ ಒಬ್ಬ ಬಂದ್ರ ಕಪ್ಪು ನಮ್ಮದ" ಅಂದ. ಅವಾ ಬಂದ್ರ ನಾ ಹೊರಗ.

ಮರುದಿನ ನಾ ಬಸ್ ಹತ್ತಿ ಸಿಂದಗಿಗೆ ಹೋದೆ. ಅವರ ತಂಡದವ್ರು ಕುಂಡ್ರು ಹೋಟೆಲಿನಾಗ ಒಂದು ಚಾ ಹೇಳಿ, ಮೊಬೈಲ್ ಕಿವಿಗಿಟ್ಕೊಂಡು, ಆ ಕಡಿ ಯಾರೂ ಇಲ್ಲದಿದ್ರೂ ಜೋರಾಗಿ ಮಾತಾಡಿದೆ: "ಹೌದ್ರಿ, ಅವ್ರ ರೇಡರ್ ನಮ್ಮಲ್ಲಿ ಬರಾಕ ಒಪ್ಪ್ಯಾನ. ಅವ್ರು ಅವನ್ನ ಕ್ಯಾಪ್ಟನ್ ಮಾಡಿದ್ರ ಮಾತ್ರ ಬರಾಂಗಿಲ್ಲಂತ."

ಎಂಟು ದಿವಸದಾಗ ಅವ್ರು ಅವನ್ನ ಕ್ಯಾಪ್ಟನ್ ಮಾಡಿದ್ರು.

ಅಲ್ಲಿಗೆ ಮುಗೀತು ಅನ್ಕೊಂಡಿದ್ದೆ. ಆದ್ರ ಆ ಪುಣ್ಯಾತ್ಮ ಹೋಟೆಲಿನವ್ರ ಕಡಿಂದ ಗುರುತು ಕೇಳ್ಕೊಂಡು, ನನ್ನ ಹುಡುಕ್ಕೊಂಡು ಬೈಕ್ ಮ್ಯಾಲ ನಮ್ಮೂರಿಗೆ ಬಂದ, ಕೈಯಾಗ ಪೇಡೆ ಡಬ್ಬಿ ಹಿಡ್ಕೊಂಡು. ನಮ್ಮ ಕ್ಯಾಪ್ಟನ್ ಹಿಗ್ಗಿ ಹೀರಿಕಾಯಿ ಆದ. "ಬಾ ತಮ್ಮಾ, ಬಾ. ಬಂದಾಂವ ಬಂದೀ, ನಮ್ಮ ತಂಡಕ್ಕ ಬಂದುಬಿಡು."

"ಹ್ಯಾಂಗ ಬರ್ಲಿ ಅಣ್ಣಾ? ನಿಮ್ಮ ಹುಡುಗ ನನ್ನ ಅಲ್ಲಿ ಕ್ಯಾಪ್ಟನ್ ಮಾಡಿ ಬಂದಾನಲ್ಲ."

ಕ್ಯಾಪ್ಟನ್ ನನ್ನ ಕಡಿ ತಿರುಗಿದ. ನನ್ನ ಬಾಯಿ ತುಂಬ ಪೇಡೆ ಇತ್ತು.

೨. ದನದ ಸಂತ್ಯಾಗ ಸಿಕ್ಕಾಂವ

ಸಿಂದಗ್ಯಾವ ತಪ್ಪಿದ ಮ್ಯಾಲ ಕ್ಯಾಪ್ಟನ್ ಇಂಡಿ ದನದ ಸಂತಿಗೆ ಹೋಗಿದ್ದ, ಬಾಡಗಿ ಮ್ಯಾಲ. ಅಲ್ಲಿ ಒಂದು ಹೋರಿ ಹಗ್ಗ ಹರಕೊಂಡು ಓಡಾಕತ್ತಿತ್ತಂತ. ಒಬ್ಬ ಗಡಿಗಿಯಂಥಾ ಆಳು ಅಡ್ಡ ಬಂದು ಅದರ ಹಿಂಗಾಲು ಹಿಡದು ನಿಲ್ಲಿಸಿಬಿಟ್ಟನಂತ. ಕ್ಯಾಪ್ಟನ್ ಅಲ್ಲೇ ಅವನ್ನ ಟಂಟಂನಾಗ ಹಾಕ್ಕೊಂಡು ಬಂದ.

ನಮ್ಮ ತಂಡಕ್ಕ ಕಲಸಾವ್ರು ಸಾಲಿಯ ಪಿ.ಟಿ. ಮಾಸ್ತರು. ಅವ್ರು ಹೊಸಬನ್ನ ಕೆಳಗಿಂದ ಮ್ಯಾಲಿನ ತನಕ ನೋಡಿ, "ನಮ್ಮದು ಅರವತ್ತು ಕೆಜಿಯೊಳಗಿನವ್ರ ಟೂರ್ನಮೆಂಟಲೇ. ಇವನ ಎರಡು ತೊಡೀನ ಅರವತ್ತು ಆಗ್ತಾವ" ಅಂದ್ರು.

ಕ್ಯಾಪ್ಟನ್ ತಲಿ ಕೆರಕೊಂಡ. "ಆಟಕ್ಕ ಬ್ಯಾಡಾದ್ರ ಬಿಡ್ರಿ ಸರ್, ಮಂದಿ ಗದ್ಲಾ ಮಾಡಿದ್ರ ಹಿಡಿಯಾಕ ಬೇಕಾಗ್ತಾನ. ಬಂದಾನ, ಒಮ್ಮಿ ಹಿಡತಾ ನೋಡೂಣು." ನೋಡಾಕ ಕಳಿಸಿದ್ದು ನನ್ನ.

ನಾ ಕಬಡ್ಡಿ ಕಬಡ್ಡಿ ಅನಕೋತ ಹೋದೆ. ಮೂರನೇ ಕಬಡ್ಡಿಗೆ ಅವಾ ನನ್ನ ಹಿಮ್ಮಡ ಹಿಡದ. ನಾ ಬಿದ್ದೆ. ಮಾಸ್ತರು ಸೀಟಿ ಹೊಡದ್ರು. ಅವಾ ಬಿಡಲಿಲ್ಲ. ಮತ್ತೊಮ್ಮಿ ಹೊಡದ್ರು. ಬಿಡಲಿಲ್ಲ.

"ಬಿಡಪಾ, ಔಟ್ ಆದ" ಅಂದ್ರು ಮಾಸ್ತರು.

"ಇದು ಯಾರ್ದು ಹೇಳ್ರಿ ಮೊದಲ" ಅಂದ ಅವಾ, ನನ್ನ ಕಾಲು ಹಂಗ ಹಿಡಕೊಂಡು. "ಸಂತ್ಯಾಗ ಹಿಡದಿದ್ದನ್ನ ಮಾಲಕ ಬಂದು ಹಗ್ಗ ಹಿಡೀತನಕಾ ಬಿಡಾಂಗಿಲ್ರಿ. ಬಿಟ್ರ ಜವಾಬ್ದಾರಿ ನಮ್ಮ ಮ್ಯಾಲ ಬರ್ತೈತಿ."

ಕಡಿಗೆ ಕ್ಯಾಪ್ಟನ್ ಬಂದು ನನ್ನ ಕಿವಿ ಹಿಡಕೊಂಡ. "ಇದು ನಮ್ಮದಪಾ. ಆದ್ರ ಯಾರರ ಕೇಳಿದ್ರ ಕೊಡೂದೈತಿ."

೩. ಊಟದ ಪಾಳಿ

ದೀಪಾವಳಿ ಮುಗದ ಮ್ಯಾಲ ಕ್ಯಾಪ್ಟನ್ ಮುದ್ದೇಬಿಹಾಳದಿಂದ ಕಾಲೇಜು ಹುಡುಗನ್ನ ಒಬ್ಬನ್ನ ತಂದ. ಕಡ್ಡಿಯಂಥಾ ಹುಡುಗ. ಕಾಲು ನೆಲಕ್ಕ ಹತ್ತಿದ್ದು ಕಾಣ್ತಿದ್ದಿಲ್ಲ, ಅಷ್ಟು ಚುರುಕು. ತೂಕ ಐವತ್ತೊಂಬತ್ತು. ಮಾಸ್ತರು ಪಟ್ಟ್ಯಾಗ ನನ್ನ ಹೆಸರು ಹೊಡದು ಅವನ ಹೆಸರು ಬರದ್ರು. ನಾ ಮತ್ತ ಎಕ್ಸ್ಟ್ರಾ.

ಟೂರ್ನಮೆಂಟಿಗೆ ಒಂದು ನಿಯಮ ಇತ್ತು. ಹೊರಗಿನ ಆಟಗಾರ ಆಡಬೇಕಂದ್ರ ಒಂದು ತಿಂಗಳರ ನಮ್ಮೂರಾಗ ಇರಬೇಕು. ಅವಾ ಸೂಟಿಯೊಳಗ ಬಂದು ಮಾಸ್ತರ ಮನ್ಯಾಗ ಉಳಕೊಂಡ. ಊಟ ತಂಡದವ್ರ ಮನಿಗಳಾಗ, ದಿವಸಕ್ಕೊಂದು ಮನಿ. ಈ ಪಾಳಿ ನೋಡಿಕೊಳ್ಳು ಕೆಲಸ ಕ್ಯಾಪ್ಟನ್ ನನಗ ಹಚ್ಚಿದ. "ಹುಡುಗ ಹಸದು ಮಲಗಬಾರ್ದು ನೋಡಲೇ" ಅಂದ.

ನಾ ಅಷ್ಟ ಮಾಡಿದೆ.

ಪ್ರತಿ ಮನಿಗಿ ಮೊದಲ ಹೋಗಿ ಹೇಳ್ತಿದ್ದೆ: "ಅವಾ ಭಾಳ ಸಂಕೋಚದ ಮನಶಾ. ಬ್ಯಾಡ ಅಂದ್ರ ಬಿಡಬ್ಯಾಡ್ರಿ." ಇದು ಸುಳ್ಳಲ್ಲ, ನಮ್ಮ ಕಡಿ ಎಲ್ಲಾರೂ ಹಂಗ. ಆಮ್ಯಾಲ ಹುಡುಗನ ಕಿವ್ಯಾಗ ಹೇಳ್ತಿದ್ದೆ: "ನೋಡಣ್ಣಾ, ನಮ್ಮೂರಾಗ ತಾಟಿನಾಗ ಬಿಟ್ಟು ಎದ್ರ ಮನಿಯಾವ್ರು ಮನಸ್ಸಿಗೆ ಹಚ್ಕೋತಾರ." ಇದೂ ಸುಳ್ಳಲ್ಲ.

ಎರಡೂ ಖರೇ ಮಾತು ಕೂಡಿದ್ರ ಏನಾಗ್ತೈತಿ ಅನ್ನೂದು ನಮ್ಮ ಮನಿ ಪಾಳಿ ದಿವಸ ನೋಡಿದೆ. ನಮ್ಮ ಆಯಿ, ಅಂದ್ರ ನಮ್ಮಪ್ಪನ ಅವ್ವ, ಶೇಂಗಾ ಹೋಳಿಗಿ ಮಾಡಿದ್ದಳು.

"ಸಾಕ್ರಿ ಆಯಿ" ಅಂದ ಹುಡುಗ, ನಾಕನೇದಕ್ಕ.

"ಸಾಕು ಅನ್ನಾವ್ರು ತಿಂದ ಮ್ಯಾಲ ಅಂತಾರ ಯಪ್ಪಾ, ತಿನ್ನೂಕಿಂತ ಮೊದಲಲ್ಲ" ಅಂದು ಆಯಿ ಐದನೇದು ಹಾಕಿ, ಮ್ಯಾಲ ತುಪ್ಪಾ ಸುರುವಿದಳು. ಹುಡುಗ ನನ್ನ ಕಡಿ ನೋಡಿದ. ನಾ ತಾಟಿನ ಕಡಿ ಕಣ್ಣು ಮಾಡಿದೆ. ಪಾಪ, ತಿಂದ.

ಹಿಂಗ ಒಂದು ಮನ್ಯಾಗ ಕಡಬು, ಒಂದು ಮನ್ಯಾಗ ಮಾದಲಿ, ಒಂದು ಮನ್ಯಾಗ ಎಣ್ಣಿ ಬದನಿಕಾಯಿ, ರೊಟ್ಟಿ ಮ್ಯಾಲ ಬೆಣ್ಣಿ. ಮನಿ ತೋರಸಾಕ ದಿನಾ ನಾನ ಕರಕೊಂಡು ಹೋಗ್ತಿದ್ದೆ. ಮೂರು ವಾರ ಆಗೂದ್ರಾಗ ಹುಡುಗನ ಗಲ್ಲ ಹೊಳ್ಯಾಕತ್ವು. ಕ್ಯಾಪ್ಟನ್ ಅವನ ಬೆನ್ನು ಚಪ್ಪರಿಸಿ ಮಾಸ್ತರಿಗೆ ಹೇಳಿದ: "ನೋಡ್ರಿ ಸರ್, ನಮ್ಮೂರ ನೀರು ಎಷ್ಟ ಒಗ್ಗೇತಿ ಇವಂಗ!"

೪. ಕಾಟಾ

ಟೂರ್ನಮೆಂಟ್ ಬಸವನ ಬಾಗೇವಾಡ್ಯಾಗ ಇತ್ತು. ಮೊದಲ ಮ್ಯಾಚ್ ಸಿಂದಗಿ ಕಡ್ಯಾವ್ರ ಕೂಡ, ಅದ ನನ್ನ ಪೇಡೆ ಕ್ಯಾಪ್ಟನ್ ತಂಡ. ಮೈದಾನದ ಬಾಗಿಲದಾಗ ತೊಗರಿ ಚೀಲ ತೂಗೂ ಕಾಟಾ ಇಟ್ಟಿದ್ರು. ಒಬ್ಬೊಬ್ಬರ ಹತ್ತಿ ಇಳದು ಒಳಗ ಹೋಗಬೇಕು. ಮಂದಿ ಗದ್ಲಾ ಹಿಡಿಯಾಕ ಅಂತ ದನದ ಸಂತ್ಯಾವನ್ನೂ ಕರಕೊಂಡು ಬಂದಿದ್ವಿ. ಅವನ್ನ ಯಾರೂ ತೂಗಲಿಲ್ಲ.

ನಮ್ಮ ಆರು ಮಂದಿ ಪಾಸಾದ್ರು. ಮುದ್ದೇಬಿಹಾಳದ ಹುಡುಗ ಹತ್ತಿದ. ಅರವತ್ಮೂರು.

"ಬೂಟು ತಗೀ" ಅಂದ ಕ್ಯಾಪ್ಟನ್. ತಗದ. "ಅಂಗಿ ತಗೀ." ತಗದ. "ಉಸರು ಬಿಡು." ಬಿಟ್ಟ. ಮೈದಾನಕ್ಕ ಐದು ಸುತ್ತು ಓಡಿಸಿದ್ರು. ಅರವತ್ತೆರಡೂವರಿ.

ತೂಕ ಬರಕೊಳ್ಳಾವ ತಲಿ ಎತ್ತಲಾರದ, "ಇನ್ನ ಚರ್ಮಾ ಅಷ್ಟ ಉಳದೈತಿ" ಅಂದ. "ಎಕ್ಸ್ಟ್ರಾ ಯಾರದಾನ?"

ಈ ಮಾತಿಗೆ ನಾ ಎರಡು ವರ್ಷ ಕಾಯಾಕತ್ತಿದ್ದೆ. ಇಸ್ತ್ರಿ ಮಾಡಿದ ಜರ್ಸಿ ಹಾಕ್ಕೊಂಡ ಬಂದಿದ್ದೆ. ಕ್ಯಾಪ್ಟನ್ ನನ್ನ ಹೆಗಲ ಮ್ಯಾಲ ಕೈ ಇಟ್ಟು, "ಇವತ್ತ ಊರ ಮಾನ ನಿನ್ನ ಕೈಯಾಗ ಐತಿ, ತಮ್ಮಾ" ಅಂದ. ಹುಟ್ಟಿದಾಗಿಂದ ಅವಾ ನನಗ ತಮ್ಮಾ ಅಂದಿದ್ದು ಅದ ಮೊದಲ. ನಾ ಎದಿ ಸೆಟಸಿ ಕಾಟಾ ಹತ್ತಿದೆ.

ಅರವತ್ತೊಂದೂವರಿ.

ಒಂದು ತಿಂಗಳು ದಿನಾ ಒಂದು ಮನಿ ತೋರಸಾಕ ಹೋಗಿದ್ನಲ್ಲ, ಅತಿಥಿ ಕೂಡ ಬಂದಾವಂಗ ಬರೇ ನೀರು ಕೊಟ್ಟು ಕುಂಡ್ರಸು ಮನಿ ನಮ್ಮೂರಾಗ ಎಲ್ಲಿ ಅದಾವ?

ಮಾಸ್ತರು ನನ್ನ ಹೊಟ್ಟಿ ನೋಡಿ, ಹುಡುಗನ ಹೊಟ್ಟಿ ನೋಡಿ, ಸಾವಕಾಶ ಕೇಳಿದ್ರು: "ಪಾಳಿ ಪಟ್ಟಿ ಯಾರು ಮಾಡಿದ್ರಲೇ?"

ಆಗ ತೂಕದಾವ, "ಹಿಂದ ಮಂದಿ ಪಾಳಿ ಹಚ್ಚ್ಯಾರ, ಇವರಿಬ್ಬರನ್ನೂ ಆ ಕಡಿ ಸರಸ್ರಿ" ಅಂದ. ಸರಸ್ರಿ ಅನ್ನೂದ ತಡ, ದನದ ಸಂತ್ಯಾವ ಒಂದು ಕೈಲೆ ನನ್ನ ರಟ್ಟಿ, ಇನ್ನೊಂದು ಕೈಲೆ ಹುಡುಗನ ರಟ್ಟಿ ಹಿಡದು ಹಗ್ಗದ ಹೊರಗ ಒಯ್ದು ನಿಲ್ಲಿಸಿದ. ಹಿಡದಾಂವ ಹಿಡದ, ಬಿಡಲಿಲ್ಲ.

ಒಳಗ ನಮ್ಮಾವ್ರು ಆರ ಮಂದಿ ಆಡಿದ್ರು. ಪೂರಾ ಮ್ಯಾಚ್ ನಾವಿಬ್ರು ಅವನ ಕೈಯಾಗ ನಿಂತ ನೋಡಿದ್ವಿ. ಎರಡು ಪಾಯಿಂಟಿನಿಂದ ಸೋತ್ರು. ಗೆದ್ದ ಸಿಂದಗಿ ಕ್ಯಾಪ್ಟನ್ ನಕ್ಕೋತ ಬಂದು ನನ್ನ ಮುಂದ ನಿಂತ. "ಅಣ್ಣಾ, ಹೋದ ಸಲ ನನ್ನ ಕ್ಯಾಪ್ಟನ್ ಮಾಡಿದಿ, ಈ ಸಲ ಗೆಲ್ಲಿಸಿದಿ. ನಿನ್ನ ಉಪಕಾರ ಮರಿಯಾಂಗಿಲ್ಲ" ಅಂದು, ನನ್ನ ಕೈ ಕಟ್ಟಿದಂಗ ಇತ್ತಲ್ಲ, ತಾನ ನನ್ನ ಬಾಯಾಗ ಒಂದು ಪೇಡೆ ಇಟ್ಟ.

ಅಷ್ಟೊತ್ತಿಗೆ ನಮ್ಮ ಕ್ಯಾಪ್ಟನ್ ಮೈ ತುಂಬ ಮಣ್ಣು ಮಾಡಿಕೊಂಡು ಹೊರಗ ಬಂದ. ನನ್ನ ಜರ್ಸಿ ನೋಡಿದ. ಇಸ್ತ್ರಿ ಮುರದಿದ್ದಿಲ್ಲ.

ದನದ ಸಂತ್ಯಾವ ಕೇಳಿದ: "ಕ್ಯಾಪ್ಟನ್ ಸಾಹೇಬ್ರ, ಕೈ ಸೋತ್ವು. ಇವೆರಡು ಯಾರ್ವು ಹೇಳಿಬಿಡ್ರಿ, ಬಿಡ್ತೇನಿ."

ಕ್ಯಾಪ್ಟನ್ ನಿಲ್ಲಲಿಲ್ಲ, ಟಂಟಂ ಕಡಿ ನಡಕೋತನ ಹೇಳಿದ:

"ಮುದ್ದೇಬಿಹಾಳದ್ದು ನಮ್ಮದು, ಬಿಡು. ಆ ಪೇಡೆ ತಿನ್ನಾಕತ್ತಿದ್ದು ಸಿಂದಗ್ಯಾವ್ರದು. ಹಗ್ಗ ಅವ್ರ ಕೈಯಾಗ ಕೊಡು."